ಯೆಜ್ಡಿ, ಆರ್‌ಎಕ್ಸ್ 100, ಬುಲೆಟ್, ಸ್ಪ್ಲೆಂಡರ್: ನಾಲ್ಕನ್ನೂ ಇಟ್ಟುಕೊಂಡು ಓಡಿಸಿದ ಮೇಲೆ

ಹಳೆಯ ಗಾಡಿಗಳ ಮಾತು ಬಂದರೆ ಸ್ಪೀಡು, ಪಿಕಪ್ಪು, ಸದ್ದು ಇಷ್ಟರಲ್ಲೇ ಮುಗಿಯುತ್ತದೆ. ಇಟ್ಟುಕೊಂಡು ಓಡಿಸುವವರಿಗೆ ಬೇಕಾದದ್ದು ಬೇರೆ: ಗಾಡಿ ಎಲ್ಲಿ ಕೈಕೊಡುತ್ತದೆ, ಕೈಕೊಟ್ಟಾಗ ರಸ್ತೆ ಬದಿಯಲ್ಲೇ ಸರಿಮಾಡಿಕೊಂಡು ಮನೆ ಸೇರಬಹುದೇ ಎಂಬುದು. ಪಾಯಿಂಟ್ ಇಗ್ನಿಶನ್ನಿನ (ಕೂಡಿ ಬಿಡುವ ಲೋಹದ ತುದಿಗಳಿಂದ ಕಿಡಿ ಹುಟ್ಟಿಸುವ) ಯೆಜ್ಡಿ ರೋಡ್‌ಕಿಂಗ್, ಯಮಹಾ ಆರ್‌ಎಕ್ಸ್ 100, ಕ್ಯಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350, ಹೀರೋ ಹೋಂಡಾ ಸ್ಪ್ಲೆಂಡರ್ – ಈ ನಾಲ್ಕನ್ನೂ ವರ್ಷಗಟ್ಟಲೆ ಓಡಿಸಿ, ಬಿಚ್ಚಿ, ಜೋಡಿಸಿದ ಅನುಭವದಿಂದ ಆ ದೃಷ್ಟಿಯಲ್ಲೇ ಹೋಲಿಸುತ್ತಿದ್ದೇನೆ.

ಮೊದಲು ಸ್ಟಾರ್ಟಿಂಗ್. ಇದರಲ್ಲಿ ಆರ್‌ಎಕ್ಸ್‌ಗೆ ಸಾಟಿಯಿಲ್ಲ. ಸಿಡಿಐಗೆ (ಪಾಯಿಂಟ್ ಇಲ್ಲದೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ) ಕರೆಂಟು ಮ್ಯಾಗ್ನೆಟ್ಟಿನಿಂದಲೇ ಬರುವುದರಿಂದ ಬ್ಯಾಟರಿ ಪೂರ್ತಿ ಸತ್ತಿದ್ದರೂ ಎಂಜಿನ್ ಹತ್ತುತ್ತದೆ. ಸ್ಪ್ಲೆಂಡರ್ ಕೂಡ ಹಾಗೆಯೇ. ಯೆಜ್ಡಿಗೆ ಬ್ಯಾಟರಿ ಬೇಕೇ ಬೇಕು. ಅದರ 6 ವೋಲ್ಟ್ ವ್ಯವಸ್ಥೆಯಲ್ಲಿ ಡೈನಮೋ ಬ್ರಶ್ ಸವೆದರೆ ಹೆಡ್‌ಲೈಟು ಮಂಕಾಗುತ್ತದೆ, ಆಮೇಲೆ ಕಿಡಿಯೂ ಸೊರಗುತ್ತದೆ. ಪಾಯಿಂಟ್ ಗ್ಯಾಪ್ 0.4 ಮಿಮೀ ಇಟ್ಟು, ತುದಿಗಳನ್ನು ಸಣ್ಣ ಅರದಿಂದ ಉಜ್ಜಿ, ಎಣ್ಣೆ ಪಸೆ ಇಲ್ಲದಂತೆ ಒರೆಸಿದರೆ ಅರ್ಧ ಕಾಯಿಲೆ ಅಲ್ಲೇ ಹೋಗುತ್ತದೆ. ಹಾಗೆ ಮಾಡಿದರೂ ಪಾಯಿಂಟ್ ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ.

ಬುಲೆಟ್ ಕಿಕ್ಕಿಗೆ ಬಲಕ್ಕಿಂತ ಕ್ರಮ ಮುಖ್ಯ. ಲೈಟುಗಳನ್ನೆಲ್ಲ ಆರಿಸಿ ಕೀ ತಿರುಗಿಸಿ. ಪಾಯಿಂಟ್ ಕೂಡಿಕೊಂಡಿದ್ದರೆ ಆಮ್ಮೀಟರಿನ ಮುಳ್ಳು ಮೈನಸ್ ಕಡೆಗೆ ವಾಲುತ್ತದೆ. ಕಿಕ್ಕರನ್ನು ನಿಧಾನವಾಗಿ ಒತ್ತುತ್ತಾ ಹೋಗಿ, ಕಂಪ್ರೆಶನ್ ಗಟ್ಟಿಯಾಗಿ ತಡೆಯುವ ಜಾಗದಲ್ಲಿ ಮುಳ್ಳು ನಡುವಿಗೆ ಬಂತೆಂದರೆ ಪಾಯಿಂಟ್ ತೆರೆದಿದೆ ಎಂದರ್ಥ. ಅಲ್ಲಿ ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಎಳೆದು ಕಿಕ್ಕರನ್ನು ಇನ್ನೊಂದಿಷ್ಟೇ ಇಷ್ಟು ಒತ್ತಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕರನ್ನು ಪೂರ್ತಿ ಮೇಲೆ ಬರಗೊಟ್ಟು, ಒಂದೇ ಸಮ ಕೆಳಗಿನವರೆಗೆ ಒದೆಯಿರಿ. ಅರ್ಧಕ್ಕೆ ನಿಲ್ಲಿಸುವ ಒದೆತವೇ ತಿರುಗಿ ಹೊಡೆಯುವುದು. ಕ್ರಮ ತಪ್ಪದಿದ್ದರೂ ಹೊಡೆಯುತ್ತಿದ್ದರೆ ಟೈಮಿಂಗ್ ಮುಂದಿದೆ (ಕಿಡಿ ಬೇಗ ಹಾರುತ್ತಿದೆ), ಮೊದಲು ಅದನ್ನು ನೋಡಿ.

ಎಳೆತದ ವಿಷಯಕ್ಕೆ ಬಂದರೆ ಬರೀ ಬಿಎಚ್‌ಪಿ ನೋಡಿ ತೀರ್ಮಾನಿಸಬಾರದು. ಆರ್‌ಎಕ್ಸ್‌ನ 98 ಸಿಸಿ ಎಂಜಿನ್ನಿನಲ್ಲಿ 11 ಬಿಎಚ್‌ಪಿ ಇದೆ, ಆದರೆ ಅದು ಸಿಗುವುದು 7,500 ಆರ್‌ಪಿಎಂನಲ್ಲಿ. ಗಾಡಿಯ ತೂಕ ಸುಮಾರು 100 ಕೆಜಿ ಅಷ್ಟೆ, ಆದ್ದರಿಂದ ಒಬ್ಬರೇ ಇದ್ದರೆ ಬಾಣದಂತೆ ಹೋಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿ ಘಾಟಿ ಹತ್ತಿಸಿದರೆ ಪದೇ ಪದೇ ಗೇರ್ ಇಳಿಸಬೇಕಾಗುತ್ತದೆ. ಯೆಜ್ಡಿಯದು 65 ಮಿಮೀ ಬೋರು (ಸಿಲಿಂಡರಿನ ಅಗಲ), 75 ಮಿಮೀ ಸ್ಟ್ರೋಕು (ಪಿಸ್ಟನ್ ಓಡುವ ದೂರ). ಆ ಉದ್ದ ಸ್ಟ್ರೋಕಿನಿಂದಾಗಿ ಇಬ್ಬರು ಕೂತು ಲಗೇಜು ಕಟ್ಟಿದ್ದರೂ ಮೂರನೇ ಗೇರಿನಲ್ಲೇ ತಿರುವು ಮುಗಿಸಬಹುದು. ಬುಲೆಟ್ಟಿಗೆ 18 ಬಿಎಚ್‌ಪಿ ಇದ್ದರೂ ಮೈಭಾರ ಹೆಚ್ಚು, ಅವಸರ ಅದಕ್ಕೆ ಒಗ್ಗದು. 60–70ರ ವೇಗದಲ್ಲಿ ಇಡೀ ದಿನ ಓಡಿಸುವುದಕ್ಕೆ ಅದೇ ಮೇಲು. ಸ್ಪ್ಲೆಂಡರ್ ಈ ಸಾಲಿಗೆ ಬರುವುದಿಲ್ಲ.

ಘಾಟಿ ಇಳಿಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಯೆಜ್ಡಿಯಲ್ಲಿ ಪಿಸ್ಟನ್ನಿಗೂ ಬೇರಿಂಗಿಗೂ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿ ಉದ್ದಕ್ಕೂ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಹನಿಯಷ್ಟೂ ಸರಿಯಾಗಿ ತಲುಪುವುದಿಲ್ಲ. ಎಷ್ಟೋ ಪಿಸ್ಟನ್‌ಗಳು ಸೀಜ್ ಆಗುವುದು (ಸಿಲಿಂಡರಿಗೆ ಕಚ್ಚಿಕೊಳ್ಳುವುದು) ಇಳಿಜಾರಿನಲ್ಲೇ. ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ತಿರುವುತ್ತಿರಬೇಕು. ಆರ್‌ಎಕ್ಸ್‌ನ ಆಟೋಲ್ಯೂಬ್ ಪಂಪು (ಬೇರೆ ಟ್ಯಾಂಕಿನಿಂದ ಆಯಿಲ್ ಕಳಿಸುವ ಪಂಪು) ಎಂಜಿನ್ನಿನೊಂದಿಗೇ ತಿರುಗುವುದರಿಂದ ಆಕ್ಸಿಲರೇಟರ್ ಮುಚ್ಚಿದ್ದರೂ ಒಂದಿಷ್ಟು ಆಯಿಲ್ ಹೋಗುತ್ತಲೇ ಇರುತ್ತದೆ. ಎರಡರಲ್ಲೂ ಎಂಜಿನ್ ಬ್ರೇಕಿಂಗ್ ಕಡಿಮೆ, ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ. ಇಳಿಜಾರಿನಲ್ಲಿ ನಿಶ್ಚಿಂತೆ ಕೊಡುವುದು ಬುಲೆಟ್. ಆದರೆ ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಗಾಡಿಯಿಂದ ಇಳಿದು ನೇರ ಇದನ್ನು ಹತ್ತಿದವರು ಗಾಬರಿಯಲ್ಲಿ ಬ್ರೇಕೆಂದು ಗೇರು ತುಳಿಯುತ್ತಾರೆ. ಮೊದಲ ಕೆಲವು ದಿನ ಖಾಲಿ ರಸ್ತೆಯಲ್ಲೇ ಓಡಿಸುವುದು ಕ್ಷೇಮ.

ಆಯಿಲ್ ಅಳತೆಯಲ್ಲಿ ಯೆಜ್ಡಿಗೆ ನಾನು ಹಾಕುವುದು ಲೀಟರ್ ಪೆಟ್ರೋಲಿಗೆ 30 ಮಿಲಿ 2ಟಿ (ಟೂ ಸ್ಟ್ರೋಕ್ ಆಯಿಲ್), ಅಂದರೆ 5 ಲೀಟರಿಗೆ 150 ಮಿಲಿ. ಹೊಸ ಬೋರು ಮಾಡಿಸಿದ್ದರೆ ಆರಂಭದಲ್ಲಿ 40 ಮಿಲಿ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಇಲ್ಲದಿದ್ದರೆ ಪೆಟ್ರೋಲ್ ಆರಿ ಆಯಿಲ್ ಅಂಟಾಗಿ ಜೆಟ್ಟಿನಲ್ಲಿ ಕೂರುತ್ತದೆ.

ಆರ್‌ಎಕ್ಸ್‌ನಲ್ಲಿ ಬೆರೆಸುವ ರಗಳೆ ಇಲ್ಲ, ಅಪಾಯವೂ ಅಲ್ಲೇ ಅಡಗಿದೆ. ಆಯಿಲ್ ಟ್ಯಾಂಕು ಒಮ್ಮೆ ಬರಿದಾದರೆ ಪಂಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಟ್ಯಾಂಕು ತುಂಬಿಸಿದರೂ ಎಂಜಿನ್ನಿಗೆ ಆಯಿಲ್ ಹೋಗದಿರಬಹುದು. ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ, ಗುಳ್ಳೆಯಿಲ್ಲದ ಆಯಿಲ್ ಸುರಿಯುವವರೆಗೆ ಬಿಟ್ಟು, ಸ್ಕ್ರೂ ಬಿಗಿಯಬೇಕು. ಆ ದಿನದ ಮಟ್ಟಿಗೆ ಪೆಟ್ರೋಲಿಗೂ ಒಂದಿಷ್ಟು 2ಟಿ ಬೆರೆಸಿಡಿ. ಆಕ್ಸಿಲರೇಟರ್ ಕೇಬಲ್ ಬದಲಾಯಿಸಿದಾಗ ಪಂಪಿನ ಪುಲ್ಲಿಯ ಗುರುತನ್ನು ನೋಡದೆ ಬಿಡುವ ಮೆಕ್ಯಾನಿಕ್‌ಗಳಿದ್ದಾರೆ, ನೀವೇ ನೋಡಿ.

ಹೊಗೆ ನೋಡಿ ರೋಗ ಹೇಳುವುದು ಯೆಜ್ಡಿಯಲ್ಲಿ ಬಹಳ ಸಲೀಸು. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಜೊತೆಗೆ ಗೇರ್ ಆಯಿಲ್ ಮಟ್ಟ ಇಳಿಯುತ್ತಿದ್ದರೆ, ಎಡಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತಿದೆ. ಬಲಗಡೆಯ ಸೀಲ್ ಹೋದರೆ ಹೊಗೆಯೇ ಇರುವುದಿಲ್ಲ, ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಏರುತ್ತಲೇ ಇರುತ್ತದೆ, ಪ್ಲಗ್ಗು ಬೆಳ್ಳಗಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಹಾಗೇ ಓಡಿಸಿದರೆ ಪಿಸ್ಟನ್ ಕಚ್ಚುತ್ತದೆ.

ಕಾರ್ಬನ್ ಕಟ್ಟುವುದು ಟೂ ಸ್ಟ್ರೋಕ್ ಗಾಡಿಗಳಾದ ಯೆಜ್ಡಿ, ಆರ್‌ಎಕ್ಸ್ ಎರಡಕ್ಕೂ ಇದ್ದದ್ದೇ. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಪೋರ್ಟ್ ಕೆರೆಯುವಾಗ ಪಿಸ್ಟನ್ ಮೇಲಿದ್ದು ಪೋರ್ಟನ್ನು ಮುಚ್ಚಿಕೊಂಡಿರಬೇಕು, ಆಗ ಮಸಿ ಬೋರಿನೊಳಗೆ ಬೀಳುವುದಿಲ್ಲ. ಸ್ಕ್ರೂಡ್ರೈವರ್ ಬೇಡ, ಮರದ ಚಕ್ಕೆ ಅಥವಾ ಅಲ್ಯೂಮಿನಿಯಂ ಪಟ್ಟಿ ಸಾಕು. ಆರ್‌ಎಕ್ಸ್‌ನ ಬಫಲ್ (ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಭಾಗ) ತೆಗೆದು ಓಡಿಸುವವರಿಗೆ ಸದ್ದು ಸಿಗುತ್ತದೆ, ಕೆಳಗಿನ ಎಳೆತ ಹೋಗುತ್ತದೆ. ಆ ಎಂಜಿನ್ನಿಗೆ ಅದು ಅನ್ಯಾಯ.

ಬುಲೆಟ್ಟಿನ ಎಣ್ಣೆ ಕಾಯಿಲೆ ಬೇರೆ ಬಗೆಯದು. ನಿಂತಲ್ಲೇ ನಿಂತರೆ ಟ್ಯಾಂಕಿನ ಆಯಿಲ್ ಮೆಲ್ಲಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಬೆಳಿಗ್ಗೆ ಡಿಪ್ ಸ್ಟಿಕ್ ನೋಡಿ ಕಡಿಮೆಯಾಗಿದೆ ಎಂದು ಸುರಿದರೆ ಅತಿಯಾಗಿ ಬ್ರೀದರಿನಿಂದ (ಎಂಜಿನ್ನಿನ ಗಾಳಿ ಕೊಳವೆಯಿಂದ) ಉಗುಳುತ್ತದೆ. ನಾಲ್ಕೈದು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ಅಳೆಯಿರಿ. ಟ್ಯಾಪೆಟ್ಟನ್ನು (ವಾಲ್ವಿನ ಸಂದನ್ನು) ಎಂಜಿನ್ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿದ್ದಾಗ ಹೊಂದಿಸಬೇಕು. ಪುಶ್‌ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು.

ಸ್ಪ್ಲೆಂಡರ್ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಹಿರಿಮೆ. ಲೀಟರಿಗಿಂತ ಕಡಿಮೆ ಆಯಿಲ್ ಹಿಡಿಯುವ ಎಂಜಿನ್ ಅದು, ಆದ್ದರಿಂದ ಸ್ವಲ್ಪ ಇಳಿದರೂ ಬೇಗ ಸವೆಯುತ್ತದೆ. ಸುಮಾರು 3,000 ಕಿಮೀಗೊಮ್ಮೆ ಬದಲಾಯಿಸಿದರೆ ಬೇರೇನೂ ಕೇಳುವುದಿಲ್ಲ. ದಿನಾ ಕೆಲಸಕ್ಕೆ ಹೋಗುವವರಿಗೆ ನಾಲ್ಕರಲ್ಲಿ ನಾನು ಹೇಳುವುದು ಇದನ್ನೇ. ಲೀಟರಿಗೆ 60 ಕಿಮೀ ದಾಟುವ ಗಾಡಿಯ ಪಕ್ಕ 30ರ ಆಸುಪಾಸಿನ ಯೆಜ್ಡಿ, ಬುಲೆಟ್ಟುಗಳು ಹೇಗೆ ನಿಂತಾವು? ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವವರಿಗೆ ಮಾತ್ರ ನನ್ನ ಮೊದಲ ಆಯ್ಕೆ ಯೆಜ್ಡಿ. ಕ್ಲಚ್ ಕೇಬಲ್ ತುಂಡಾದರೂ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ಏರ್ಪಾಡು ಈ ನಾಲ್ಕರಲ್ಲಿ ಇರುವುದು ಅದರಲ್ಲೇ, ಅದನ್ನು ನಂಬಿ ಮನೆ ಸೇರಬಹುದು.

ಕೊಳ್ಳುವವರು ಒಂದು ಗಮನಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ ಆರ್‌ಎಕ್ಸ್ 100 ನಿಂತದ್ದೂ 1996ರಲ್ಲೇ. 2022ರಲ್ಲಿ ಮರಳಿ ಬಂದ ಯೆಜ್ಡಿ ಲಿಕ್ವಿಡ್ ಕೂಲ್ ಫೋರ್ ಸ್ಟ್ರೋಕ್, ಅದರ ಎಂಜಿನ್ ಭಾಗಗಳು ಹಳೆಯದಕ್ಕೆ ಬರುವುದಿಲ್ಲ. ಆರ್‌ಎಕ್ಸ್ 100 ಎಂದು ಮಾರುವ ಗಾಡಿಯಲ್ಲಿ ಆರ್‌ಎಕ್ಸ್ 135ರ ಎಂಜಿನ್ ಕೂತಿರುವುದುಂಟು. ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಅಂಕಿಗಳ ಸುತ್ತ ಉಜ್ಜಿದ ಗುರುತು ಕಂಡರೆ ಬೆಲೆ ಮಾತಾಡುವುದೇ ಬೇಡ. 15 ವರ್ಷ ದಾಟಿದ ಮೇಲೆ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅದು ಆಗಿದೆಯೇ ಎಂದು ದುಡ್ಡು ಕೊಡುವ ಮುನ್ನ ಕೇಳಿ. ಗಾಡಿ ನೋಡಲು ಹೋದಾಗ ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಾಗುವವರೆಗೆ ಕಾದು, ನೀವೇ ಕಿಕ್ ಹೊಡೆದು ನೋಡಿ.