ಮೂರು ವರ್ಷ, ಒಂದು ಕಿರ್ರ್ ಸದ್ದು: ಹಳೇ ಮಾರುತಿ 800ಕ್ಕೆ ಹಾಕಿಸಿದ ಚರ್ಮದ ಸ್ಟೀರಿಂಗ್

ಆ ಸದ್ದು ಮೊದಲು ಕೇಳಿದ್ದು ಆಗುಂಬೆ ಘಾಟಿ ಇಳಿಯುವಾಗ. ಮೂರನೆಯದೋ ನಾಲ್ಕನೆಯದೋ ತಿರುವು. ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ಎಳೆದೆ, ಕಿರ್ರ್ ಅಂತು. ಮುಂದಿನ ತಿರುವಿನಲ್ಲಿ ಎಡಕ್ಕೆ ಎಳೆದೆ, ಮತ್ತೆ ಕಿರ್ರ್. ಈ ಘಾಟಿಯಲ್ಲಿ ಹೇರ್‌ಪಿನ್ ತಿರುವುಗಳೇ 14. ಸೋಮೇಶ್ವರ ತಲುಪುವ ಹೊತ್ತಿಗೆ ಹೆಂಡತಿ ಕೇಳಿದಳು, "ಇಷ್ಟು ದುಡ್ಡು ಕೊಟ್ಟು ಹಾಕ್ಸಿದ್ದು ಇದೇನಾ? ಹಳೇದೇ ಚೆನ್ನಾಗಿತ್ತಲ್ರೀ." ಹಾಕಿಸಿ ಆಗ ಐದು ವಾರ ಆಗಿತ್ತು.

ಈಗ ಮೂರು ವರ್ಷ ಕಳೆದಿದೆ. ಆ ಸದ್ದು ಎಲ್ಲಿಂದ ಬಂತು, ಹೇಗೆ ಹೋಯಿತು ಎಂಬುದನ್ನೇ ಜಾಸ್ತಿ ಬರೆಯುತ್ತೇನೆ. ಇಂಥ ಸ್ಟೀರಿಂಗ್ ಕೊಳ್ಳುವವರಿಗೆ ಬೇಕಾದ ಮಾತು ಅದೇ.

ಕಾರು 1991ರದ್ದು, ಅಪ್ಪ ಕೊಂಡದ್ದು. 1986ರಲ್ಲಿ ಬಂದ ಎರಡನೇ ರೂಪದ 800. ಕಾರ್ಬ್ಯುರೇಟರ್, ನಾಲ್ಕು ಗೇರ್, 12 ಇಂಚಿನ ಪುಟ್ಟ ಗಾಲಿ. ಸರ್ಕಾರದ ನಿಯಮದಲ್ಲಿ ವಿಂಟೇಜ್ ಅನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು. ಆ ಲೆಕ್ಕದಲ್ಲಿ ಇದು ಇನ್ನೂ ಚಿಕ್ಕದು. ಆದರೆ ಈ ಮಾದರಿ ತಯಾರಾಗುವುದು 2014ರಲ್ಲೇ ನಿಂತಿದೆ. ನಮ್ಮ ತೀರ್ಥಹಳ್ಳಿ ಕಡೆ ಒಂದು ಕಾಲಕ್ಕೆ ಬೀದಿಗೊಂದು ಇತ್ತು, ಈಗ ಹುಡುಕಬೇಕು. ನನ್ನ ಮಟ್ಟಿಗೆ ಇದು ಕ್ಲಾಸಿಕ್ಕೇ.

ಮೂಲ ಸ್ಟೀರಿಂಗಿನ ಪ್ಲಾಸ್ಟಿಕ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಬೇಸಿಗೆಯಲ್ಲಿ ಕೈಗೆ ಅಂಟುತ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಮೂರು ಕಡ್ಡಿಯ, ಕಪ್ಪು ಚರ್ಮ ಹೊದಿಸಿದ 350 ಮಿ.ಮೀ. ಸ್ಟೀರಿಂಗ್ ಸಿಕ್ಕಿತು. ದೊಡ್ಡ ಬ್ರ್ಯಾಂಡಿನದಲ್ಲ. ಬೆಲೆ 4,200 ರೂಪಾಯಿ. ಅದನ್ನು ನಮ್ಮ ಕಾರಿನ ಸ್ಟೀರಿಂಗ್ ಕಂಬಿಗೆ ಕೂರಿಸಲು ನಡುವೆ ಬಾಸ್ ಕಿಟ್ ಎಂಬ ಜೋಡಿಸುವ ತುಂಡು ಬೇಕು. ಅದಕ್ಕೆ 900. ಅಂಗಡಿಯವರೇ ಕೂರಿಸಿಕೊಟ್ಟರು. ಮೇಷ್ಟ್ರ ಸಂಬಳದಲ್ಲಿ ಮನೆ ನಡೆಸುವವನಿಗೆ ಒಂದು ಹವ್ಯಾಸಕ್ಕೆ ಇಷ್ಟು ಹಣ ಜಾಸ್ತಿಯೇ.

ಮೊದಲ ತಿಂಗಳ ಖುಷಿಯನ್ನು ಹೇಳದೆ ಇರಲಾರೆ. ಬೆಳಿಗ್ಗೆ ಏಳೂವರೆಗೆ ಕಾರಿನಲ್ಲಿ ಕೂರುತ್ತೇನೆ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಇಂಜಿನ್ ಒಂದು ಹದಕ್ಕೆ ಬರುವವರೆಗೆ ಕಾಯಬೇಕು. ಆ ಎರಡು ನಿಮಿಷ ಹಳೇ ಪಂಚೆಯ ತುಂಡಿನಿಂದ ಸ್ಟೀರಿಂಗ್ ಒರೆಸುತ್ತೇನೆ. ಚರ್ಮದ ಹೊಲಿಗೆ ಮೇಲೆ ಬೆರಳು ಆಡುತ್ತದೆ. ಚಳಿಗಾಲದ ಮುಂಜಾನೆಯಲ್ಲೂ ಅದು ಪ್ಲಾಸ್ಟಿಕ್ಕಿನಷ್ಟು ತಣ್ಣಗಿರುವುದಿಲ್ಲ. ಹಿಡಿ ದಪ್ಪ, ಅಂಗೈ ತುಂಬುತ್ತದೆ. ಶಾಲೆಗೆ ಒಂಬತ್ತು ಕಿಲೋಮೀಟರ್ ದಾರಿ, ಪೂರ್ತಿ ಅಡಿಕೆ ತೋಟಗಳ ನಡುವೆ ಸುತ್ತಿಕೊಂಡು ಹೋಗುತ್ತದೆ. ಮೂವತ್ತು ವರ್ಷದಿಂದ ಗೊತ್ತಿದ್ದ ಕಾರು ಹೊಸದಾಗಿ ಮಾತಾಡಿಸಿದ ಹಾಗೆ ಅನಿಸುತ್ತಿತ್ತು.

ಸ್ಟೀರಿಂಗ್ ಚಕ್ರ ಚಿಕ್ಕದಾದ್ದರಿಂದ ನಿಂತಲ್ಲೇ ತಿರುಗಿಸಲು ಕೊಂಚ ಬಲ ಬೇಕು. ಈ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಗಾಡಿ ಸ್ವಲ್ಪ ಉರುಳಿದ ಮೇಲೆ ತಿರುಗಿಸಿದರೆ ಏನೂ ಕಷ್ಟವಿಲ್ಲ.

ಆಮೇಲೆ ಶುರುವಾಯಿತು ಈ ಸದ್ದು. ಘಾಟಿಯಲ್ಲಿ ಮಾತ್ರ ಇದ್ದದ್ದು ಎರಡು ವಾರದಲ್ಲಿ ಮನೆಯ ಗೇಟಿಗೇ ಬಂತು. ಕಾಲು ಸುತ್ತು ತಿರುಗಿಸಿದರೆ ಕಿರ್ರ್. ಇನ್ನೂ ಕಾಲು ಸುತ್ತು ಹೋದರೆ ನಿಲ್ಲುತ್ತಿತ್ತು, ಮತ್ತೆ ಶುರು. ಅದರ ಜೊತೆ ಸ್ಟೀರಿಂಗ್ ಹಿಡಿದು ಸೀಟಿನಲ್ಲಿ ಸರಿದು ಕೂತರೆ ಒಂದು ಟಕ್ ಸದ್ದು. ಮೂವತ್ತು ವರ್ಷದ ಕಾರಿನಲ್ಲಿ ಹತ್ತು ಸದ್ದು ಇರುತ್ತವೆ, ಅವು ಕಿವಿಗೆ ಒಗ್ಗಿವೆ. ಇದು ಒಗ್ಗಲಿಲ್ಲ. ಕೈ ಇಟ್ಟ ಜಾಗದಲ್ಲೇ ಬರುವ ಸದ್ದು ನೇರ ಮನಸ್ಸಿಗೆ ತಾಗುತ್ತದೆ.

ಒಂದು ಗ್ಯಾರೇಜಿಗೆ ಒಯ್ದೆ. ಎರಡು ಸಲ ತಿರುಗಿಸಿ ನೋಡಿದರು. "ರ‍್ಯಾಕ್ ಹೋಗಿದೆ ಸಾರ್, ಪೂರ್ತಿ ಬದಲಾಯಿಸ್ಬೇಕು, ಏಳು ಸಾವಿರದ ಹತ್ರ ಆಗತ್ತೆ" ಅಂದರು. ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿದಂತೆ ಮುಂದಿನ ಗಾಲಿಗಳನ್ನು ತಿರುಗಿಸುವ ಹಲ್ಲಿನ ಸರಳು. ಕಾರನ್ನು ಎತ್ತಿ ನೋಡಲಿಲ್ಲ, ಬಾನೆಟ್ಟೂ ತೆಗೆಯಲಿಲ್ಲ. ಇನ್ನೊಂದು ಕಡೆ ಸ್ಟೀರಿಂಗ್ ಸಂದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಳಿಸಿದರು. ನಾಲ್ಕು ದಿನ ಶಾಂತವಾಗಿತ್ತು. ಐದನೇ ದಿನ ಸದ್ದು ಮೊದಲಿಗಿಂತ ಜೋರಾಯಿತು. ಕಾರಣ ಆಮೇಲೆ ತಿಳಿಯಿತು. ಆ ಸ್ಪ್ರೇ ಇದ್ದಬದ್ದ ಗ್ರೀಸನ್ನೂ ತೊಳೆದುಹಾಕುತ್ತದೆ. ಅದು ಆರಿದ ಮೇಲೆ ಲೋಹಕ್ಕೆ ಲೋಹ ಒಣಗಿ ಉಜ್ಜುತ್ತದೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಿಸಬೇಡಿ.

ಕೊನೆಗೆ ಅಪ್ಪನ ಕಾಲದಿಂದ ಈ ಕಾರು ನೋಡಿದ ಹಳೇ ಮೆಕ್ಯಾನಿಕ್ ಮನೆಗೆ ಹೋದೆ. ಅವರು ಈಗ ಗ್ಯಾರೇಜ್ ಮುಚ್ಚಿ ತೋಟ ನೋಡಿಕೊಂಡಿದ್ದಾರೆ. ಅಂಗಳದಲ್ಲೇ ಕಾರಿನ ಬಾಗಿಲು ತೆಗೆದು, ಒಳಗೂ ಕೂರದೆ, ಸ್ಟೀರಿಂಗನ್ನು ಒಂದು ಕೈಯಲ್ಲಿ ತಿರುಗಿಸಿದರು. ಇನ್ನೊಂದು ಕೈ ಕಂಬಿಯ ಪ್ಲಾಸ್ಟಿಕ್ ಕವರಿನ ಮೇಲಿತ್ತು.

"ಮೇಷ್ಟ್ರೇ, ಹಳೇ ಸ್ಟೀರಿಂಗ್ ಇಟ್ಟಿದೀರಾ?"

"ಅಟ್ಟದ ಮೇಲಿದೆ ಅಣ್ಣ."

"ಅದನ್ನ ತಂದು ಹಾಕಿ ನೋಡುವ. ಆಗ್ಲೂ ಸದ್ದು ಬಂದ್ರೆ ಕೆಳಗೆ ಹುಡುಕುವ. ಬರ್ಲಿಲ್ಲ ಅಂದ್ರೆ ರ‍್ಯಾಕಿಗೆ ಯಾಕೆ ದುಡ್ಡು ಮಾರಾಯ್ರೆ?"

ಮರುದಿನ ಭಾನುವಾರ. ಗೋಣಿಚೀಲದಿಂದ ಹಳೇ ಸ್ಟೀರಿಂಗ್ ಹೊರಬಂತು. ಅರ್ಧ ಗಂಟೆಯ ಕೆಲಸ. ತಿರುಗಿಸಿದರೆ ಒಂದು ಸದ್ದೂ ಇಲ್ಲ! ಆ ಕ್ಷಣದ ಸಮಾಧಾನ ಈಗಲೂ ನೆನಪಿದೆ. ಅಂದರೆ ತಪ್ಪು ಕಾರಿನದಲ್ಲ. ಹೊಸದಾಗಿ ತಂದು ಸೇರಿಸಿದ್ದರಲ್ಲೇ ಇದೆ.

ಬಿಚ್ಚುವ ರೀತಿ ಅವರಿಂದ ಕಲಿತೆ. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಬೇಕು, ಇಲ್ಲದಿದ್ದರೆ ಹಾರ್ನ್ ವೈರ್ ಎಲ್ಲೋ ತಾಗಿ ಕೂಗುತ್ತದೆ. ಗಾಲಿಗಳು ನೇರ ಇರಬೇಕು. ಕಂಬಿಯ ತುದಿಗೂ ಬಾಸಿಗೂ ಸೇರಿ ಒಂದು ಗೆರೆ ಗುರುತು ಮಾಡಬೇಕು, ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಕಡ್ಡಿಗಳು ಓರೆಯಾಗುತ್ತವೆ. ನಡುವಿನ ನಟ್ಟನ್ನು ಸಡಿಲ ಮಾಡಿ, ಪೂರ್ತಿ ತೆಗೆಯದೆ ನಾಲ್ಕು ಸುತ್ತು ಬಿಟ್ಟೇ ಚಕ್ರವನ್ನು ಎಳೆಯಬೇಕು. ಇದು ಮುಖ್ಯ. ಚಕ್ರ ಫಟ್ಟನೆ ಬಿಟ್ಟುಕೊಂಡರೆ ಮುಖಕ್ಕೆ ಬಡಿಯದಂತೆ ಆ ನಟ್ ತಡೆಯುತ್ತದೆ. ನಮ್ಮದರಲ್ಲಿ ಏರ್‌ಬ್ಯಾಗ್ ಇಲ್ಲ, ಹಾಗಾಗಿ ಮನೆಯಲ್ಲೇ ಮಾಡಬಹುದು. ಏರ್‌ಬ್ಯಾಗ್ ಇರುವ ಕಾರಾದರೆ ಕೈ ಹಾಕಲೇಬೇಡಿ.

ಬಾಸನ್ನು ತಿರುವಿ ನೋಡಿದಾಗ ಕಥೆ ಗೊತ್ತಾಯಿತು. ಅದರ ಹಿಂದೆ ಬಳೆಯ ಹಾಗೆ ಒಂದು ಲೋಹದ ರಿಂಗ್ ಇರುತ್ತದೆ. ಕಂಬಿಯ ಕಡೆಯಿಂದ ಸ್ಪ್ರಿಂಗ್ ಇರುವ ಒಂದು ಪಿನ್ ಬಂದು ಅದಕ್ಕೆ ಒತ್ತಿ ನಿಲ್ಲುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿದರೂ ಪಿನ್ ರಿಂಗಿನ ಮೇಲೆ ಜಾರುತ್ತಿರುತ್ತದೆ. ಹಾರ್ನಿಗೆ ಕರೆಂಟ್ ಹೋಗುವ ದಾರಿ ಅದೇ. ನನ್ನ ಕಿಟ್ಟಿನ ರಿಂಗ್ ಹಿತ್ತಾಳೆ ಬಣ್ಣದ ಕಬ್ಬಿಣದ ತಗಡು. ಐದಾರು ತಿಂಗಳಲ್ಲಿ ಬಣ್ಣ ಹೋಗಿ, ಪಿನ್ ಅದರ ಮೇಲೆ ಗೀರು ಕೊರೆದಿತ್ತು. ರಿಂಗ್ ಸರಿಯಾಗಿ ನಡುವಿನಲ್ಲೂ ಇರಲಿಲ್ಲ. ಒಂದು ಬದಿಯಲ್ಲಿ ಪಿನ್ ಅಂಚಿಗೆ ಹತ್ತುತ್ತಿತ್ತು. ಕಾಲು ಸುತ್ತಿಗೆ ಕಿರ್ರ್ ಅಂದು ಮತ್ತೆ ನಿಲ್ಲುತ್ತಿದ್ದದ್ದು ಇದರಿಂದಲೇ.

ಎರಡನೆಯದು ಬಾಸಿನ ಸುತ್ತಲಿನ ಪ್ಲಾಸ್ಟಿಕ್ ಕವಚ. ಅದರ ಅಂಚಿಗೆ ಸೀಮೆಸುಣ್ಣ ಬಳಿದು, ಮತ್ತೆ ಕೂರಿಸಿ ಒಂದು ಸುತ್ತು ತಿರುಗಿಸಿದೆವು. ಕಂಬಿಯ ಕವರಿನ ಮೇಲೆ ಬಿಳಿ ಗೆರೆ ಬಿತ್ತು. ಅಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುತ್ತಿತ್ತು. ಇದು ಸಣ್ಣದು. ಅಂಚನ್ನು ಎಮರಿ ಪೇಪರಿನಲ್ಲಿ ಎರಡು ಮಿ.ಮೀ. ತೇಯ್ದರೆ ಮುಗಿಯಿತು.

ಮೂರನೆಯದನ್ನು ನೋಡಿ ಮಾತ್ರ ಸಿಟ್ಟು ಬಂತು. ಚಕ್ರವನ್ನು ಬಾಸಿಗೆ ಹಿಡಿಯುವ ಸ್ಕ್ರೂಗಳು ಆರು. ಆ ಆರು ತೂತುಗಳು ಒಂದು ವೃತ್ತದಲ್ಲಿರುತ್ತವೆ. ಇಟಲಿಯ ಸ್ಟೀರಿಂಗ್ ಕಂಪನಿ ಮೋಮೋದ ಅಳತೆಯಲ್ಲಿ ಆ ವೃತ್ತದ ವ್ಯಾಸ 70 ಮಿ.ಮೀ., ಅಲ್ಲಿನದೇ ಇನ್ನೊಂದು ಕಂಪನಿ ನಾರ್ಡಿಯ ಅಳತೆಯಲ್ಲಿ 74. ಮಾರುಕಟ್ಟೆಯ ಹೆಚ್ಚಿನ ಚಕ್ರಗಳು ಈ ಎರಡರಲ್ಲಿ ಒಂದನ್ನು ಅನುಸರಿಸುತ್ತವೆ. ನನ್ನ ಚಕ್ರ 74ರದ್ದು, ಬಾಸ್ 70ರದ್ದು. ಕೂರಿಸಿದವರು ಚಕ್ರದ ತೂತುಗಳನ್ನು ಅರದಿಂದ ಉಜ್ಜಿ ಒಳಗಡೆಗೆ ಉದ್ದ ಮಾಡಿದ್ದರು. ಸ್ಕ್ರೂ ತಲೆಗಳು ಓರೆಯಾಗಿ ಕೂತಿದ್ದವು. ಅವುಗಳಲ್ಲಿ ಎರಡು ಸ್ಕ್ರೂ ಬರಿಗೈಯಲ್ಲೇ ತಿರುಗುವಷ್ಟು ಸಡಿಲ. ಟಕ್ ಸದ್ದು ಅಲ್ಲಿಂದ ಬರುತ್ತಿತ್ತು. ಇದೇ ಸ್ಟೀರಿಂಗ್ ಹಿಡಿದು ಹೆಂಡತಿ ಮಗಳನ್ನು ಕೂರಿಸಿಕೊಂಡು ನಾನು ಎಷ್ಟು ಸಲ ಘಾಟಿ ಇಳಿದಿದ್ದೆ! ಕಿರ್ರ್ ಸದ್ದು ಬರೀ ಕಿರಿಕಿರಿ, ಟಕ್ ಸದ್ದು ಅಪಾಯ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೆವು. ಸ್ಟೀರಿಂಗಿನಲ್ಲಿ ಟಕ್ ಕೇಳಿದರೆ ಅವತ್ತೇ ಗಾಡಿ ನಿಲ್ಲಿಸಿ, ಸ್ಕ್ರೂ ಮತ್ತು ನಡುವಿನ ನಟ್ ನೋಡಿ.

ಅಂಗಡಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಮೊದಲು ವಾದ ಮಾಡಿದರು. ಮೂರನೇ ಫೋನಿಗೆ ಅದೇ ಮಾದರಿಯ, 70ರ ಅಳತೆಯ ಚಕ್ರ ಬದಲಿಸಿ ಕೊಡಲು ಒಪ್ಪಿದರು. ಕೊರಿಯರ್ ಖರ್ಚು ನನ್ನದು. ಚಕ್ರ ಮಾತು ಕೊಟ್ಟ ದಿನಕ್ಕೇ ಬಂತು. ಅಷ್ಟಕ್ಕೆ ಸಿಟ್ಟು ಅರ್ಧ ಇಳಿಯಿತು.

ಬಾಸ್ ಮಾತ್ರ ಅವರಿಂದ ಮತ್ತೆ ಕೊಳ್ಳಲಿಲ್ಲ. ಬೇರೆ ಕಡೆ 2,600 ಕೊಟ್ಟು ಒಳ್ಳೆಯದನ್ನು ತಂದೆ. ರಿಂಗ್ ಗಟ್ಟಿ ಹಿತ್ತಾಳೆಯದು, ನುಣುಪಾಗಿದೆ. ಅದರ ಹಿಂಬದಿಯ ಎರಡು ಕಡ್ಡಿಗಳು, ತಿರುವು ಮುಗಿದ ಮೇಲೆ ಇಂಡಿಕೇಟರನ್ನು ತಾನಾಗಿ ಆಫ್ ಮಾಡುವ ಭಾಗಕ್ಕೆ ಸರಿಯಾಗಿ ಕೂರುತ್ತವೆ. ಹಳೆಯದರಲ್ಲಿ ಎಡಗಡೆ ಇಂಡಿಕೇಟರ್ ಆಫ್ ಆಗುತ್ತಲೇ ಇರಲಿಲ್ಲ. ಆಗ ಅದನ್ನು ದೋಷ ಅಂತ ಎಣಿಸಿರಲಿಲ್ಲ, ಅದೂ ಅಗ್ಗದ ಬಾಸಿನದೇ ಎಂದು ಈಗ ಗೊತ್ತಾಯಿತು.

ಅಲ್ಲಿಗೆ ಸದ್ದು ನಿಂತಿತು. ಆದರೆ ಮಲೆನಾಡಿನಲ್ಲಿ ಮಳೆಗಾಲ ಅಂತ ಒಂದಿದೆ ಅಲ್ವಾ? ಜುಲೈ ಕೊನೆಗೆ ಹಾರ್ನ್ ಒಂದು ಸಲ ಕೂಗಿದರೆ ಎರಡು ಸಲ ಸುಮ್ನಿರುತ್ತಿತ್ತು. ಮಂಜು ತುಂಬಿದ ಘಾಟಿಯಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆದೇ ಇಳಿಯಬೇಕು. ಎದುರಿನಿಂದ ಬಸ್ ಬರುತ್ತಿದ್ದರೆ ನಮಗೆ ಕಾಣುವುದು ಅದು ಮುಂದೆ ನಿಂತಾಗಲೇ. ಬಿಚ್ಚಿ ನೋಡಿದರೆ ಹಿತ್ತಾಳೆ ರಿಂಗಿನ ಮೇಲೆ ಹಸಿರು ಕಿಲುಬು. ಸದ್ದು ಬರುತ್ತದೆಂಬ ಭಯಕ್ಕೆ ನಾನು ಗ್ರೀಸನ್ನು ಧಾರಾಳವಾಗಿ ಮೆತ್ತಿದ್ದೆ. ಅದು ಧೂಳು ಹಿಡಿದು ಮಣ್ಣಾಗಿ, ಪಿನ್ನಿಗೂ ರಿಂಗಿಗೂ ನಡುವೆ ಗೋಡೆ ಕಟ್ಟಿತ್ತು. ಕಿಲುಬನ್ನು ನಯವಾದ ಎಮರಿ ಪೇಪರಿನಲ್ಲಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಗೆ ಹತ್ತಿದಷ್ಟೇ ಗ್ರೀಸ್ ಸವರಿದೆ. ಲೋಹ ಒಳಗಿನಿಂದ ಹೊಳೆದು ಕಾಣಬೇಕು, ಅಷ್ಟು ತೆಳು. ಅಂದಿನಿಂದ ವರ್ಷಕ್ಕೆ ಎರಡು ಸಲ, ಮಳೆ ಹಿಡಿಯುವ ಮುಂಚೆ ಒಮ್ಮೆ, ದಸರೆಯ ಆಯುಧಪೂಜೆಗೆ ಗಾಡಿ ತೊಳೆಯುವಾಗ ಒಮ್ಮೆ ಈ ಕೆಲಸ ಮಾಡುತ್ತೇನೆ. ಮಗಳು ಟಾರ್ಚ್ ಹಿಡಿಯುತ್ತಾಳೆ. ಮುಕ್ಕಾಲು ಗಂಟೆ ಸಾಕು.

ಚರ್ಮಕ್ಕೂ ಮಳೆಗಾಲ ಒಗ್ಗುವುದಿಲ್ಲ. ನಾಲ್ಕು ದಿನ ಕಾರು ನಿಂತರೆ ಹೊಲಿಗೆಯ ಗುಂಟ ಬಿಳಿ ಬೂಷ್ಟು. ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಬಿದ್ದ ದಿನ ಕಿಟಕಿ ಇಳಿಸಿ ಇಟ್ಟರೆ ಹೋಗುತ್ತದೆ. ಮೂರು ವರ್ಷದಲ್ಲಿ ಬಲಗೈ ಹಿಡಿಯುವ ಜಾಗ ಮಾತ್ರ ನುಣ್ಣಗಾಗಿ ಹೊಳೆಯುತ್ತಿದೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ. 4,200ಕ್ಕೆ ಇದು ಒಳ್ಳೆಯ ಮಾಲು, ಈ ಮಾತು ಮನಸ್ಸಿನಿಂದ ಹೇಳುತ್ತಿದ್ದೇನೆ.

ಒಟ್ಟು ಲೆಕ್ಕ ಹಾಕಿದರೆ, ವ್ಯರ್ಥವಾದ ಮೊದಲ ಬಾಸ್ ಮತ್ತು ಕೊರಿಯರ್ ಸೇರಿ ಎಂಟು ಸಾವಿರ ದಾಟಿತು. ಮೊದಲೇ ಗೊತ್ತಿದ್ದರೆ 6,800ಕ್ಕೆ ಮುಗಿಯುತ್ತಿತ್ತು. ನಿಮ್ಮ ಕೈಯಲ್ಲಿ ಏಳು ಸಾವಿರ ಇದ್ದರೆ ಚಕ್ರಕ್ಕೆ ಸ್ವಲ್ಪ ಕಡಿಮೆ ಕೊಡಿ, ಬಾಸಿಗೆ ಜಾಸ್ತಿ ಕೊಡಿ. ಕೊಳ್ಳುವ ಮುಂಚೆ ಟೇಪ್ ಹಿಡಿದು ಎರಡರ ತೂತುಗಳನ್ನು ಎದುರುಬದುರು ಅಳೆಯಿರಿ. ಅಂಗಡಿಯವರು "ಆಗತ್ತೆ ಸಾರ್, ಅಡ್ಜಸ್ಟ್ ಮಾಡ್ತೀವಿ" ಅಂದರೆ ವಾಪಸ್ ಬನ್ನಿ. ಹಳೇ ಸ್ಟೀರಿಂಗನ್ನು ಗುಜರಿಗೆ ಹಾಕಬೇಡಿ. ನನ್ನದು ಮತ್ತೆ ಗೋಣಿಚೀಲದಲ್ಲಿ ಅಟ್ಟ ಸೇರಿದೆ. ಹೋದ ತಿಂಗಳು ಪೆಡಲ್ ಹತ್ತಿರ ಗೊರ್ ಅಂತ ಹೊಸ ಸದ್ದು ಬಂದಾಗ ಅದನ್ನೇ ಇಳಿಸಿ ಹಾಕಿ ನೋಡಿದೆ. ಗೊರ್ ಹಾಗೇ ಇತ್ತು. ಈ ಸಲ ಚಕ್ರದ್ದಲ್ಲ, ಕಂಬಿ ಬಾನೆಟ್ ಕಡೆ ದಾಟುವಲ್ಲಿನ ರಬ್ಬರ್ ಒಣಗಿತ್ತು. ಸಿಲಿಕೋನ್ ಸ್ಪ್ರೇ ಹಾಕಿದೆ, ನಿಂತಿತು.