ಬೀದರ್ ಹಳೇ ಊರಿನ ದುಬಾರಿ ‘ಹೆರಿಟೇಜ್’ ಕೋಣೆ: ಮುಂಗಡ ಕಳಿಸುವ ಮೊದಲು ಇದನ್ನು ಓದಿ

ಬೀದರ್‌ಗೆ ಬಂದವರಿಗೆ ನಡು ಊರಿನ ಹಳೇ ಗೋಪುರ ಚೌಬಾರಾದ ಸುತ್ತಮುತ್ತ, ಹಳೇ ಊರಿನೊಳಗೇ ಉಳಿಯಬೇಕೆಂಬ ಆಸೆ ಸಹಜ. ಅಲ್ಲಿಂದ ಮಹಮೂದ್ ಗವಾನ್ ಮದರಸಾಕ್ಕೂ ಕೋಟೆಗೂ ನಡೆದೇ ಹೋಗಬಹುದು. ಆ ಆಸೆಗೇ ಬೆಲೆ ಕಟ್ಟಿದ ಒಂದು ಹೋಟೆಲ್‌ನಲ್ಲಿ ಆದದ್ದು ಈ ಬರಹಕ್ಕೆ ಕಾರಣ. ಹೋಟೆಲ್ ಹೆಸರು ಬರೆದಿಲ್ಲ, ಲಕ್ಷಣ ಬರೆದಿದ್ದೇವೆ. ಲಕ್ಷಣ ಗೊತ್ತಿದ್ದರೆ ಬೇರೆ ಹೆಸರಿನಲ್ಲಿ ಎದುರಾದರೂ ಗುರುತು ಸಿಗುತ್ತದೆ.

ಕೋಣೆಯ ಹೆಸರು ‘ಫೋರ್ಟ್ ವ್ಯೂ ಡಿಲಕ್ಸ್’, ದಿನಕ್ಕೆ 7,600 ರೂಪಾಯಿ, ತೆರಿಗೆ ಬೇರೆ. ಫೋನಿನಲ್ಲಿ ಏನು ಕೇಳಿದರೂ ಒಂದೇ ಉತ್ತರ: “ಲಿಫ್ಟ್ ಅದರೀ, ಜನರೇಟರ್ ಅದರೀ, ಬಿಸಿನೀರು ಇಪ್ಪತ್ನಾಲ್ಕು ತಾಸೂ ಅದರೀ.” ಹೇಳಿದ್ದೆಲ್ಲ ಇತ್ತು, ಸುಳ್ಳಲ್ಲ. ಆದರೆ ಕರೆಂಟ್ ಹೋದರೆ ಲಿಫ್ಟ್ ನಿಲ್ಲುತ್ತಿತ್ತು, ಜನರೇಟರ್‌ಗೆ ಎಸಿ ಸೇರಿಸಿರಲಿಲ್ಲ, ಬಿಸಿನೀರು ಒಬ್ಬರ ಸ್ನಾನಕ್ಕೇ ಮುಗಿಯುತ್ತಿತ್ತು. ಮಂಚದ ಹಿಂದಿನ ಗೋಡೆ ತೇವ. ಕೆಳಗಿನ ಹಾಲ್‌ನಲ್ಲಿ ಮದುವೆ. ಕಿಟಕಿಯಿಂದ ಕಂಡ ಕೋಟೆಯೆಂದರೆ ಪಕ್ಕದ ಮಾಳಿಗೆಯ ನೀರಿನ ಟ್ಯಾಂಕ್‌ಗಳ ನಡುವೆ ಇಣುಕುವ ಗೋಡೆಯ ಒಂದು ತುಂಡು. ಬಿಲ್ಲಿನಲ್ಲಿ ಶೇ 18 ತೆರಿಗೆ, ಅದರ ಮೇಲೆ ಸರ್ವಿಸ್ ಚಾರ್ಜ್.

ಇದೆಲ್ಲ ಒಂದು ಹೋಟೆಲ್‌ನ ಸೋಮಾರಿತನ ಅಂದುಕೊಂಡರೆ ಮತ್ತೊಂದರಲ್ಲಿ ಸಿಕ್ಕಿಬೀಳುತ್ತೀರಿ. ಮೂಲ ಕಾರಣ ಜಾಗದಲ್ಲೇ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿಯಿಲ್ಲದೆ ಅಲ್ಲಿಯೂ ಕಟ್ಟುವಂತಿಲ್ಲ. ಕೋಟೆಯೂ 1472ರ ಹೊತ್ತಿನ ಮದರಸಾವೂ ಅಂಥ ಸ್ಮಾರಕಗಳೇ. ಈ ನಿಯಮ ಇರಲೇಬೇಕು, ಅದರಿಂದಲೇ ಹಳೇ ಊರು ಇನ್ನೂ ಉಳಿದಿದೆ. ಆದರೆ ಹೋಟೆಲ್ ಮಾಡುವವರಿಗೆ ಉಳಿಯುವ ದಾರಿ ಒಂದೇ: ಹಳೇ ಮನೆ ಹಿಡಿದು, ದೊಡ್ಡ ಪಡಸಾಲೆಯನ್ನು ಜಿಪ್ಸಂ ಬೋರ್ಡಿನಿಂದ ಮೂರು ಕೋಣೆ ಮಾಡಿ, ಒಂದೊಂದಕ್ಕೂ ಬಚ್ಚಲು ಅಂಟಿಸುವುದು. ಪಕ್ಕದ ಕೋಣೆಯವರ ಫೋನ್ ಮಾತು ಅಕ್ಷರ ಬಿಡದೆ ಕೇಳಿಸುವುದು ಇದರಿಂದಲೇ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿನೋಡಿ. ಟೊಳ್ಳು ಸದ್ದು ಬಂದರೆ ಅದು ಬೋರ್ಡು.

ಹಾಗೆಂದು ಕಲ್ಲುಗೋಡೆಯ ಕೋಣೆ ಸಿಕ್ಕಿತೆಂದು ಕೂಡಲೇ ಖುಷಿಪಡಬೇಡಿ, ತೇವದ ಸಮಸ್ಯೆ ಇರುವುದು ಅಲ್ಲೇ. ಇಲ್ಲಿಯ ಹಳೇ ಮನೆಗಳದು ಕೆಂಪು ಜಂಬಿಟ್ಟಿಗೆ ಕಲ್ಲು, ಸುಣ್ಣದ ಗಚ್ಚು, ಒಂದೂವರೆಯಿಂದ ಎರಡು ಅಡಿ ದಪ್ಪದ ಗೋಡೆ. ಜಂಬಿಟ್ಟಿಗೆ ತೂತುತೂತಾದ ಕಲ್ಲು, ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಈಗ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಹೊಡೆಯುತ್ತಾರೆ. ಹೊರಬರಲು ದಾರಿಯಿಲ್ಲದ ತೇವ ಉಪ್ಪನ್ನು ಹೊತ್ತುಕೊಂಡು ಪೇಂಟ್ ಹಿಂದೆ ನಿಲ್ಲುತ್ತದೆ. ಮೊದಲು ಪೇಂಟ್ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದರೆ ಬಿಳಿ ಹುಡಿ ಉದುರುತ್ತದೆ, ಮಳೆಗಾಲದಲ್ಲಿ ಬೂಷ್ಟಿನ ವಾಸನೆ ಕೂರುತ್ತದೆ. ಒಂದು ಕೋಟ್ ಹೊಸ ಬಣ್ಣ ಹೊಡೆದು ಮುಚ್ಚಿದರೆ ಮುಂದಿನ ಮಳೆಗೆ ಮತ್ತೆ ಅದೇ.

ಕೋಣೆಗೆ ಕಾಲಿಟ್ಟಾಗ ರೂಮ್ ಫ್ರೆಶ್‌ನರ್ ಘಮ ಮೂಗಿಗೆ ಹೊಡೆದರೆ ಅಲ್ಲೇ ನಿಂತು ನೋಡಿ. ಮಂಚದ ತಲೆಹಲಗೆಯ ಹಿಂದೆ, ಕಪಾಟಿನ ಒಳಗೆ, ನೆಲದಿಂದ ಒಂದು ಅಡಿ ಮೇಲೆ ಅಂಗೈ ಇಡಿ. ತಣ್ಣಗಿದ್ದು ಕೈಗೆ ಹುಡಿ ಹತ್ತಿದರೆ ಬೇರೆ ಕೋಣೆ ಕೇಳಿ. ದಮ್ಮು, ಅಲರ್ಜಿ ಇರುವವರು ಜೊತೆಗಿದ್ದರೆ ಇದರಲ್ಲಿ ಮುಲಾಜು ಬೇಡವೇ ಬೇಡ. ಬಚ್ಚಲಿನಿಂದ ಬರುವ ಮೋರಿ ವಾಸನೆ ಮಾತ್ರ ಬೇರೆ ಸಂಗತಿ. ಕೋಣೆ ಕೆಲವು ದಿನ ಖಾಲಿ ಬಿದ್ದಿದ್ದರೆ ನಹಾನಿ ಟ್ರ್ಯಾಪಿನ (ಬಚ್ಚಲ ತೂತಿನ ಕೆಳಗೆ ನೀರು ನಿಂತು ವಾಸನೆ ತಡೆಯುವ ಬಟ್ಟಲು) ನೀರು ಆರಿ ಮೋರಿಯ ಗಾಳಿ ನೇರ ಒಳಗೆ ಬರುತ್ತದೆ. ಎರಡು ಮಗ್ ನೀರು ಸುರಿದು ಅರ್ಧ ತಾಸು ಬಿಟ್ಟು ನೋಡಿ. ಆಗಲೂ ವಾಸನೆ ಹೋಗದಿದ್ದರೆ ಟ್ರ್ಯಾಪ್ ಹಾಕಿಯೇ ಇಲ್ಲ ಅಥವಾ ಪೈಪು ಒಡೆದಿದೆ.

ಬಿಸಿನೀರಿನ ಮೋಸ ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ. ಬೀದರ್ ಎತ್ತರದ ಊರು, ಡಿಸೆಂಬರ್ ಜನವರಿಯ ಚಳಿ ಇಲ್ಲಿ ಚೆನ್ನಾಗಿಯೇ ಕಚ್ಚುತ್ತದೆ, ಮಾಳಿಗೆ ಮೇಲಿನ ಟ್ಯಾಂಕ್ ನೀರು ಬೆಳಗ್ಗೆ ಮುಟ್ಟಲಾಗದು. ಹೋಟೆಲ್‌ನವರು ಫೋಟೋಕ್ಕೆ ಚೆಂದ ಕಾಣಲೆಂದು ದೊಡ್ಡ ರೇನ್ ಶವರ್ ಹಾಕಿ, ಮೇಲೆ 15 ಲೀಟರ್ ಗೀಜರ್ ಕೂರಿಸಿರುತ್ತಾರೆ. 60 ಡಿಗ್ರಿಗೆ ಕಾದ 15 ಲೀಟರ್ ನೀರನ್ನು 22 ಡಿಗ್ರಿಯ ತಣ್ಣೀರಿಗೆ ಬೆರೆಸಿದರೆ ಸ್ನಾನಕ್ಕೆ ಹದವಾದ 40 ಡಿಗ್ರಿಯ ನೀರು ಸುಮಾರು 32 ಲೀಟರ್ ಆಗುತ್ತದೆ. ರೇನ್ ಶವರ್ ನಿಮಿಷಕ್ಕೆ 10 ಲೀಟರ್ ಸುರಿದರೂ ಮೂರು ನಿಮಿಷಕ್ಕೆ ಮುಗಿಯಿತು. 2 ಕಿಲೋವ್ಯಾಟ್‌ನ ಗೀಜರ್ ಮತ್ತೆ ಅಷ್ಟು ಕಾಯಲು 20 ನಿಮಿಷ ಬೇಕು. ನಾಲ್ವರ ಕುಟುಂಬಕ್ಕೆ ಬೆಳಗಿನ ಸ್ನಾನವೇ ಒಂದು ತಾಸಿನ ಮೇಲೆ ಹಿಡಿಯುತ್ತದೆ. 3 ಲೀಟರ್‌ನ ಇನ್‌ಸ್ಟಂಟ್ ಗೀಜರ್ ಇದ್ದರಂತೂ ಶವರ್ ಬಿಟ್ಟು ಬಕೆಟ್ಟೇ ಕೇಳಿ: 3 ಕಿಲೋವ್ಯಾಟ್‌ನಲ್ಲಿ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ನೀರು 20 ಡಿಗ್ರಿ ಏರಬಹುದು, ಅದಕ್ಕಿಂತ ಜೋರಾಗಿ ತಿರುಗಿಸಿದರೆ ಉಗುರುಬೆಚ್ಚಗೆ ಬರುತ್ತದೆ. ಆದ್ದರಿಂದ “ಬಿಸಿನೀರು ಇದೆಯೇ” ಅಂತ ಕೇಳಬೇಡಿ. “ಗೀಜರ್ ಎಷ್ಟು ಲೀಟರಿನದು, ಕೋಣೆಗೊಂದೋ ಎರಡು ಕೋಣೆಗೊಂದೋ” ಅಂತ ಕೇಳಿ. ಇಬ್ಬರಿಗೆ 25 ಲೀಟರಿನದಿದ್ದರೆ ಚಿಂತೆಯಿಲ್ಲ.

ಕರೆಂಟ್ ವಿಷಯವೂ ಹೀಗೆಯೇ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಸಂಜೆ ಹೊತ್ತು ಕರೆಂಟ್ ಹೋಗುವುದು ಈ ಭಾಗದವರಿಗೆಲ್ಲ ಗೊತ್ತು. ಒಂದೂವರೆ ಟನ್ನಿನ ಎಸಿಗೆ ಒಂದೂವರೆ ಕಿಲೋವ್ಯಾಟ್ ಆಸುಪಾಸು ಬೇಕು. ಹತ್ತು ಕೋಣೆ ಅಂದರೆ 15 ಕಿಲೋವ್ಯಾಟ್, ಲಿಫ್ಟು, ನೀರಿನ ಮೋಟಾರು, ಅಡುಗೆಮನೆ ಬೇರೆ. ಅಷ್ಟು ದೊಡ್ಡ ಜನರೇಟರ್ ಇಡಲು ಗಲ್ಲಿಯಲ್ಲಿ ಜಾಗ ಎಲ್ಲಿದೆ? ಸಣ್ಣದೊಂದನ್ನು ಒಳ ಅಂಗಳದಲ್ಲಿಟ್ಟು ಲೈಟು, ಫ್ಯಾನು ನಡೆಸುತ್ತಾರೆ. ಅಂಗಳದ ಕಡೆಗೆ ಕಿಟಕಿಯಿರುವ ಕೋಣೆಗೆ ಅದರ ಸದ್ದೂ ಹೊಗೆಯೂ ನೇರ ಬರುತ್ತದೆ. ಬೇಸಿಗೆಯಲ್ಲಿ ಕೊನೇ ಮಹಡಿಯ ಕೋಣೆ, ಅದರಲ್ಲೂ ಈಚೆಗೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಏರಿಸಿದ್ದು, ಒಪ್ಪಿಕೊಳ್ಳಬೇಡಿ. ಹಗಲಿಡೀ ಕಾದ ಸ್ಲ್ಯಾಬು ರಾತ್ರಿಯೂ ಕೆಳಕ್ಕೆ ಕಾವು ಬಿಡುತ್ತಿರುತ್ತದೆ. ಲಿಫ್ಟ್‌ಗೆ ಬ್ಯಾಕಪ್ ಇಲ್ಲವೆಂದು ಗೊತ್ತಾದರೆ ಮೊಣಕಾಲು ನೋವಿನ ಹಿರಿಯರಿಗೆ ಮೊದಲ ಮಹಡಿಯನ್ನೇ ಬರೆಸಿಕೊಳ್ಳಿ. ಹಳೇ ಮನೆಯ ಮೆಟ್ಟಿಲು ಕಡಿದು, ಒಂದೊಂದೂ ಒಂದು ಎತ್ತರ.

ಇನ್ನೂ ಒಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ: ಎರಡನೇ ಮೆಟ್ಟಿಲು ಇದೆಯೇ? ಮರದ ತೊಲೆ, ಜಿಪ್ಸಂ ಬೋರ್ಡು, ಕಿಟಕಿಗೆಲ್ಲ ಬಿಗಿದ ಗ್ರಿಲ್ಲು, ಇಳಿಯಲು ಒಂದೇ ಮೆಟ್ಟಿಲು. ಬೆಂಕಿ ಹತ್ತಿದರೆ ಇಂಥ ಕಟ್ಟಡದಿಂದ ಹೊರಬರಲು ದಾರಿಯಿರುವುದಿಲ್ಲ. ಇರುವುದು ಒಂದೇ ಆದರೆ ಮೇಲಿನ ಮಹಡಿ ಬೇಡ ಅನ್ನಿ.

ಸದ್ದಿನ ಬಗ್ಗೆ ನ್ಯಾಯವಾಗಿ ಹೇಳಬೇಕು. ಬೆಳಗಿನ ಆಜಾನ್, ಗುಡಿಯ ಗಂಟೆ, ಅಂಗಡಿಗಳ ಶಟರ್ ಎತ್ತುವ ಸದ್ದು ಇವೆಲ್ಲ ಊರಿನವು, ಅಲ್ಲಿ ಉಳಿಯುವವರು ಒಪ್ಪಿಕೊಂಡೇ ಬರಬೇಕು. ತಕರಾರು ಹೋಟೆಲ್ ತಾನೇ ಬಾಡಿಗೆಗೆ ಕೊಡುವ ಹಾಲ್ ಬಗ್ಗೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲವೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದರೆ ಮುಚ್ಚಿದ ಬ್ಯಾಂಕ್ವೆಟ್ ಹಾಲ್‌ಗೆ ಅದರಲ್ಲಿ ವಿನಾಯಿತಿ ಇದೆ, ಹೋಟೆಲ್‌ನವರು ಅದನ್ನೇ ಹಿಡಿದು ಮಾತಾಡುತ್ತಾರೆ. ಬುಕ್ ಮಾಡುವಾಗಲೇ “ಆ ದಿನ ಹಾಲ್ ಬುಕ್ ಆಗಿದೆಯೇ” ಎಂದು ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಗುರುನಾನಕ್ ಜಯಂತಿಯ ಹೊತ್ತಿಗೆ ನಾನಕ್ ಝೀರಾ ಗುರುದ್ವಾರಕ್ಕೆ ಬರುವವರಿಂದ ಊರೆಲ್ಲ ಕೋಣೆ ತುಂಬಿ ಬಾಡಿಗೆ ಏರುತ್ತದೆ. ಆ ದಿನಗಳಲ್ಲಿ ಎಂಥ ಕೋಣೆಯಾದರೂ ಹೋಗುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಕಾರು ತರುವವರು ಗಮನಿಸಿ. ‘ವ್ಯಾಲೆ ಪಾರ್ಕಿಂಗ್’ ಎಂದರೆ ಇಲ್ಲಿ ಹುಡುಗನೊಬ್ಬ ಕೀಲಿ ತೆಗೆದುಕೊಂಡು ದೂರದ ಬಯಲಿನಲ್ಲಿ ನಿಲ್ಲಿಸಿ ಬರುವುದು. ನಂಬರಿರುವ ಚೀಟಿ ಪಡೆಯದೆ, ಕಿಲೋಮೀಟರ್ ಮೀಟರಿನ ಮತ್ತು ನಾಲ್ಕೂ ಬದಿಯ ಫೋಟೋ ತೆಗೆಯದೆ ಕೀಲಿ ಕೊಡಬೇಡಿ. ಟೆಂಪೋ ಟ್ರಾವೆಲರ್‌ನಲ್ಲಿ ಬರುವವರು ಹಳೇ ಊರಿನ ಗೋಡೆಯ ಯಾವ ದರ್ವಾಜಾದಿಂದ ಒಳಬರಬಹುದೆಂದು ಮೊದಲೇ ಕೇಳಿಕೊಳ್ಳಿ.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದರ ಮೇಲೆ ಹೋದರೆ ಶೇ 18. ಮೇಲಿನ ಕೋಣೆಯ ಲೆಕ್ಕ ನೋಡಿ: 7,600ಕ್ಕೆ ಶೇ 18 ಸೇರಿ 8,968 ರೂಪಾಯಿ ಆಯಿತು. ಅದೇ ಕೋಣೆಯನ್ನು 7,500ಕ್ಕೆ ಒಪ್ಪಿಸಿದ್ದರೆ 7,875. ನೂರು ರೂಪಾಯಿ ಚೌಕಾಸಿಗೆ ದಿನವೊಂದಕ್ಕೆ 1,093 ರೂಪಾಯಿ ಉಳಿತಾಯ. ಬಾಡಿಗೆ 7,500ರ ಮೇಲೆ ಸ್ವಲ್ಪವೇ ಇದ್ದರೆ ಇಳಿಸಲು ಕೇಳಲೇಬೇಕು. 7,500ರ ಒಳಗಿನ ಕೋಣೆಗೆ ಹಳೇ ಶೇ 12ನ್ನೇ ಹಾಕಿದ್ದರೆ ಬಿಲ್ ತಿದ್ದಿಸಿ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಸಂಖ್ಯೆಯಿಲ್ಲದ ಕಚ್ಚಾ ಬಿಲ್ಲಿನಲ್ಲಿ ತೆರಿಗೆ ಎಂದು ಬರೆದಿದ್ದರೆ ಆ ದುಡ್ಡು ಕೊಡಬೇಡಿ.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೌಂಟರಿನಲ್ಲಿ ಇಷ್ಟು ಹೇಳಿದರೆ ಸಾಮಾನ್ಯವಾಗಿ ತೆಗೆದುಬಿಡುತ್ತಾರೆ. ಆದರೆ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಿದ್ದಾರೆಂದು ಜಗಳಕ್ಕೆ ಇಳಿಯಬೇಡಿ, ಹೋಟೆಲ್‌ನಲ್ಲಿ ಗಿರಾಕಿಯನ್ನು ಕೂರಿಸಿ ಕೊಡುವ ಬಾಟಲಿಗೆ ಹಾಗೆ ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬಾಟಲಿ ಹೊರಗಿನ ಅಂಗಡಿಯಿಂದ ತನ್ನಿ.

ಮುಂಗಡವನ್ನು ಯಾರದೋ ಸ್ವಂತ ಹೆಸರಿನ ಯುಪಿಐಗೆ ಕಳಿಸಬೇಡಿ, ಹೋಟೆಲ್ ಹೆಸರಿನ ಖಾತೆಯೇ ಆಗಬೇಕು. ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವವರನ್ನು ಬಿಟ್ಟುಬಿಡಿ. ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಕೋಣೆ ನೋಡದೆ ರಿಜಿಸ್ಟರಿಗೆ ಸಹಿ ಹಾಕಬೇಡಿ. ಸಹಿಯಾದ ಮೇಲೆ “ಬೇರೆ ರೂಮ್ ಖಾಲಿ ಇಲ್ರೀ” ಅನ್ನುವುದು ಅವರಿಗೆ ಸುಲಭ.

ಲಾಬಿಯ ಗಾಜಿನ ಕಪಾಟಿನಲ್ಲಿಟ್ಟ ಬಿದ್ರಿ (ಬೀದರ್ ಊರಿನ ಕರಕುಶಲ ಲೋಹದ ಕೆಲಸ) ಸಾಮಾನನ್ನೂ ಅಲ್ಲಿ ಕೊಳ್ಳಬೇಡಿ. ನಿಜವಾದ ಬಿದ್ರಿ ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದದ್ದು, ಕೈಗೆ ಭಾರ ಬರುತ್ತದೆ. ಕಪ್ಪು ಬಣ್ಣ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬಂದದ್ದು, ಉಗುರಿಗೆ ಏಳುವುದಿಲ್ಲ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂತಿರುತ್ತದೆ. ಹಗುರವಾದ, ಪೇಂಟ್ ಹೊಡೆದ ತುಂಡಿಗೆ ಬಿದ್ರಿಯ ಬೆಲೆ ಕೊಡುವ ಬದಲು ಊರೊಳಗಿನ ಕುಶಲಕರ್ಮಿಗಳ ಅಂಗಡಿಗೇ ಹೋಗಿ, ಕೆಲಸ ಮಾಡುವುದನ್ನೂ ನೋಡಬಹುದು.

ಹಳೇ ಊರಿನ ಸೊಬಗು ಬೇಕೆನ್ನುವವರಿಗೆ ನಮ್ಮ ಸಲಹೆ: ಹೊಸ ಬಸ್ ಸ್ಟ್ಯಾಂಡ್ ಕಡೆ, ಹಳೇ ಊರಿನ ಗೋಡೆಯಾಚೆ, ಇದರ ಅರ್ಧಕ್ಕಿಂತ ಕಡಿಮೆ ಬಾಡಿಗೆಯ ಸಾದಾ ಕೋಣೆ ಹಿಡಿಯಿರಿ. ಬೆಳಗ್ಗೆ ಬಿಸಿಲೇರುವ ಮೊದಲು ಆಟೋದಲ್ಲಿ ಚೌಬಾರಾಕ್ಕೆ ಬಂದಿಳಿದು, ಅಲ್ಲಿಂದ ಮದರಸಾ, ಮದರಸಾದಿಂದ ಕೋಟೆ ಎಂದು ನಡೆಯುತ್ತಾ ಹೋಗಿ. ಊರು ಆ ಹೊತ್ತಿಗೇ ಚೆಂದ.

ಈಗಾಗಲೇ ಸಿಕ್ಕಿಬಿದ್ದಿದ್ದರೆ, ಕೋಣೆ ಬಿಡುವ ಮೊದಲೇ ತೇವದ ಗೋಡೆ, ಗೀಜರಿನ ಮೇಲಿನ ಲೀಟರ್ ಚೀಟಿ, ಕಿಟಕಿಯ ನೋಟ ಎಲ್ಲದರ ಫೋಟೋ ತೆಗೆಯಿರಿ. ಬುಕಿಂಗ್ ಪುಟದಲ್ಲಿ ಕೊಟ್ಟ ಭರವಸೆಗಳ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ, ಅವನ್ನು ಆಮೇಲೆ ಬದಲಿಸಬಹುದು. ದೂರನ್ನು ಮೊದಲು ಹೋಟೆಲ್‌ಗೆ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರೆದು ಕೊಡಿ, ಬಾಯಿಮಾತಿನ ದೂರಿಗೆ ಸಾಕ್ಷಿ ಇರುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕಾಗಿ ಬೀದರ್‌ಗೆ ಮತ್ತೆ ಬರಬೇಕಾಗಿಯೂ ಇಲ್ಲ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.