ಹೆಬ್ಬೆರಳಿಗೆ ಸಿಗುವ ಡಬ್ಬಿ: ಪೆಪ್ಪರ್ ಸ್ಪ್ರೇ, ಅಲಾರಂ ಮತ್ತು ಸೀಟಿ, ಹತ್ತು ತಿಂಗಳ ಬಳಕೆಯ ನಂತರ

ದಾಸರಹಳ್ಳಿ ಮೆಟ್ರೊ ನಿಲ್ದಾಣದಿಂದ ನಮ್ಮ ಮನೆಗೆ ಹನ್ನೊಂದು ನಿಮಿಷದ ನಡಿಗೆ. ಲೆಕ್ಕಪತ್ರ ವಿಭಾಗದಲ್ಲಿರುವ ನನಗೆ ಪ್ರತಿ ತಿಂಗಳ ಕೊನೆಯ ವಾರ ಮತ್ತು ಮಾರ್ಚ್ ಪೂರ್ತಿ ಮನೆ ಸೇರುವ ಹೊತ್ತಿಗೆ ರಾತ್ರಿ ಹತ್ತು ದಾಟಿರುತ್ತದೆ. ಆ ಹನ್ನೊಂದು ನಿಮಿಷಗಳಲ್ಲಿ ನಾಲ್ಕು ನಿಮಿಷದ ದಾರಿ ಒಂದು ಕಾರ್ಖಾನೆಯ ಹಿಂಗೋಡೆಗೆ ಒತ್ತಿಕೊಂಡು ಸಾಗುತ್ತದೆ. ಅಲ್ಲಿ ಅಂಗಡಿಯಿಲ್ಲ, ಬೀದಿದೀಪ ಉರಿದರೆ ಉಂಟು ಇಲ್ಲದಿದ್ದರೆ ಇಲ್ಲ. ಕಳೆದ ವರ್ಷ ಅದೇ ಗೋಡೆಯ ಬಳಿ ಒಬ್ಬ ಬೈಕಿನವನು ಸತತ ಎರಡು ರಾತ್ರಿ ನನ್ನ ಹೆಜ್ಜೆಯ ವೇಗಕ್ಕೇ ಬೈಕನ್ನು ನಿಧಾನಿಸಿಕೊಂಡು ಪಕ್ಕದಲ್ಲಿ ಬಂದ. ಏನೂ ಆಗಲಿಲ್ಲ. ಮೂರನೆಯ ರಾತ್ರಿ ಅವನು ಕಾಣಲಿಲ್ಲ, ಆದರೆ ನಾನು ಆ ವಾರವೇ ಆತ್ಮರಕ್ಷಣೆಯ ಸಾಧನಗಳನ್ನು ಹುಡುಕತೊಡಗಿದೆ. ಮಗಳು ಮೈಸೂರಿನ ಹಾಸ್ಟೆಲಿಗೆ ಸೇರುವ ದಿನಗಳೂ ಅವೇ ಆಗಿದ್ದುದರಿಂದ ಕೊಳ್ಳುವುದನ್ನೆಲ್ಲ ಇಬ್ಬರ ಲೆಕ್ಕದಲ್ಲಿ ನೋಡಬೇಕಾಯಿತು.

ಹತ್ತು ತಿಂಗಳಲ್ಲಿ ಮೂರು ಬಗೆಯ ಪೆಪ್ಪರ್ ಸ್ಪ್ರೇ ಡಬ್ಬಿಗಳು, ಒಂದು ಪಿನ್ ಎಳೆಯುವ ಅಲಾರಂ ಮತ್ತು ಒಂದು ಪ್ಲಾಸ್ಟಿಕ್ ಸೀಟಿ ಕೊಂಡಿದ್ದೇನೆ. ಒಟ್ಟು ಖರ್ಚು ಎರಡು ಸಾವಿರ ರೂಪಾಯಿಯ ಆಸುಪಾಸು. ಬ್ರ್ಯಾಂಡ್‌ಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಅನುಭವದಲ್ಲಿ ಒಳ್ಳೆಯ ಡಬ್ಬಿಯನ್ನೂ ಕೆಟ್ಟ ಡಬ್ಬಿಯನ್ನೂ ಬೇರೆ ಮಾಡಿದ್ದು ಹೆಸರಲ್ಲ. ಮೇಲಿರುವ ಗುಂಡಿ, ಅದಕ್ಕಿರುವ ಬೀಗ ಮತ್ತು ಒಳಗಿನಿಂದ ಹೊರಬರುವ ಧಾರೆಯ ರೀತಿ.

ಮೊದಲು ಒಳಗೇನಿದೆ ಎಂಬುದನ್ನು ಹೇಳಿಬಿಡುತ್ತೇನೆ. ಹೆಸರು ಕೇಳಿ ಕಾಳುಮೆಣಸಿನ ನೆನಪಾದರೂ ಪೆಪ್ಪರ್ ಸ್ಪ್ರೇಯಲ್ಲಿರುವುದು ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ರಾಳ, ಅಂದರೆ ಓಲಿಯೊರೆಸಿನ್. ಅದರಲ್ಲಿನ ಕ್ಯಾಪ್ಸೈಸಿನ್, ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕೆರಳಿಸುತ್ತದೆ. ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು ಬರೀ ಮಾತಿನ ರೂಢಿಯಲ್ಲ ಎಂದು ತೋರಿಸಿದ ಈ ಸಂಶೋಧನೆಗಾಗಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿದೆ. ಮುಖಕ್ಕೆ ಬಿದ್ದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಮ್ಮು ಒತ್ತರಿಸಿ ಬರುತ್ತದೆ, ಉರಿ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಇರುತ್ತದೆ. ಓಡಿಹೋಗಲು ಅಷ್ಟು ಹೊತ್ತು ಧಾರಾಳವಾಯಿತು.

ಹಾವೇರಿ ಕಡೆಯವರಾದ ನಮ್ಮ ಅತ್ತೆಗೆ ಈ ಖರ್ಚೇ ದಂಡವೆನಿಸಿತು. "ಅಷ್ಟಕ್ಕ ರೊಕ್ಕ ಯಾಕ ಹಾಕ್ತಿ, ಒಂದ್ ಚೀಟ್ಯಾಗ ಖಾರದಪುಡಿ ಕಟಗೊಂಡು ಹೋಗು" ಎಂದರು. ಅವರ ಡಬ್ಬದಲ್ಲಿರುವುದು ಬ್ಯಾಡಗಿ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ಆದ್ದರಿಂದಲೇ ಅದರ ರಾಳ ಲಿಪ್‌ಸ್ಟಿಕ್ಕಿನ ಬಣ್ಣಕ್ಕೂ ಹೋಗುತ್ತದೆ. ಗುಂಟೂರಿನದನ್ನೇ ಕಟ್ಟಿಕೊಂಡರೂ ಪೊಟ್ಟಣ ಬಿಚ್ಚಲು ಎರಡು ಕೈ ಬೇಕು, ಎರಚಿದ ಪುಡಿ ಗಾಳಿ ಹೇಳಿದ ಕಡೆಗೆ ಹೋಗುತ್ತದೆ. ಅತ್ತೆಯವರ ಸಲಹೆಯನ್ನು ನಾನು ಗೌರವದಿಂದಲೇ ತಳ್ಳಿಹಾಕಿದೆ.

ಗಾಳಿಯ ಪಾಠ ಮಾತ್ರ ನನಗೂ ತಾರಸಿಯ ಮೇಲೆಯೇ ಆಯಿತು. ಒಂದು ಭಾನುವಾರ ಬೆಳಗ್ಗೆ ಬಟ್ಟೆ ಒಣಗಿಸುವ ತಂತಿಗೆ ಹಳೆಯ ಬೆಡ್‌ಶೀಟ್ ನೇತುಹಾಕಿ, ಮುಖದ ಎತ್ತರದಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ನೆಲದ ಮೇಲೆ ಟೇಪಿನಿಂದ ಅಡಿಗಳನ್ನು ಗುರುತು ಮಾಡಿ, ಈಜುವ ಕನ್ನಡಕ ಹಾಕಿಕೊಂಡು ನಿಂತೆ. ಯಜಮಾನರು ಮೊಬೈಲಿನಲ್ಲಿ ಸೆಕೆಂಡ್ ಎಣಿಸುತ್ತಿದ್ದರು. ಮೊದಲ ಡಬ್ಬಿ ಮಂಜಿನಂತೆ ಹರಡುವ ಬಗೆಯದು. ಗುರಿಯ ಚಿಂತೆಯಿಲ್ಲ, ಒತ್ತಿದರೆ ಸಾಕು ಎಂದು ಅಂಗಡಿಯವರು ಹೇಳಿದ್ದರು. ಐದು ಅಡಿ ದಾಟುವುದರೊಳಗೆ ಆ ಮಂಜು ನಿಂತು, ಯೋಚಿಸಿದಂತೆ ಮಾಡಿ, ನಮ್ಮ ಕಡೆಗೇ ತಿರುಗಿತು. ಯಜಮಾನರು ಕೆಮ್ಮುತ್ತ ಮೆಟ್ಟಿಲಿನತ್ತ ಓಡಿದರು, ಎರಡು ನಿಮಿಷದ ನಂತರ ಕೆಳಮನೆಯವರು ಕಿಟಕಿಯಿಂದ ತಲೆ ಹೊರಹಾಕಿ "ಏನ್ರೀ, ಒಗ್ಗರಣೆ ಸೀದುಹೋಯ್ತಾ?" ಎಂದು ಕೇಳಿದರು. ಎರಡನೆಯದು ನೀರಿನ ಪಿಚಕಾರಿಯಂತೆ ನೇರ ಧಾರೆ ಬಿಡುವ ಬಗೆಯದು. ಮೊದಲ ಒತ್ತಿಗೆ ಧಾರೆ ವೃತ್ತದ ಕೆಳಗೆ, ಗದ್ದದಷ್ಟು ಎತ್ತರದಲ್ಲಿ ಬಿತ್ತು. ಬಿದ್ದದ್ದು ಕಣ್ಣಿಗೆ ಕಾಣುವುದರಿಂದ ಅಲ್ಲೇ ಕೈಯನ್ನು ಮೇಲೆತ್ತಿ ಸರಿಪಡಿಸಿಕೊಳ್ಳಲು ಸಾಧ್ಯವಾಯಿತು. ಒಂಬತ್ತು ಅಡಿಯವರೆಗೆ ಅದು ಬಾಗದೆ ಹೋಯಿತು. ಮೂರನೆಯದು ಅಂಟಿನಂತಹ ಜೆಲ್. ಗಾಳಿಗೆ ಅದು ಒಂದಿಷ್ಟೂ ಜಗ್ಗಲಿಲ್ಲ, ಆದರೆ ಸರಿಯಾಗಿ ಕಣ್ಣಿಗೇ ಬೀಳಬೇಕು, ಬೆಲೆಯೂ ಉಳಿದವುಗಳ ಎರಡರಷ್ಟು.

ಬಯಲಿಗೆ ಧಾರೆ, ಮುಚ್ಚಿದ ಜಾಗಕ್ಕೆ ಜೆಲ್ ಎಂಬುದು ನನ್ನ ತೀರ್ಮಾನ. ಮುಚ್ಚಿದ ಜಾಗದಲ್ಲಿ ಹರಡುವ ಖಾರ ಏನು ಮಾಡುತ್ತದೆ ಎಂಬುದನ್ನು ದೇಶವೇ ನೋಡಿದೆ: 2014ರ ಫೆಬ್ರವರಿ 13ರಂದು ತೆಲಂಗಾಣ ಮಸೂದೆಯ ಗದ್ದಲದಲ್ಲಿ ಸಂಸದರೊಬ್ಬರು ಲೋಕಸಭೆಯೊಳಗೆ ಪೆಪ್ಪರ್ ಸ್ಪ್ರೇ ಹೊಡೆದಾಗ ಸದನವನ್ನೇ ಖಾಲಿ ಮಾಡಬೇಕಾಯಿತು, ಕೆಲವು ಸದಸ್ಯರು ಆಸ್ಪತ್ರೆ ಸೇರಿದರು. ಲಿಫ್ಟಿನಲ್ಲೋ ಆಟೊದೊಳಗೋ ಮಂಜಿನ ಡಬ್ಬಿ ಒತ್ತಿದರೆ ಒತ್ತಿದವರ ಗತಿಯೂ ಅದೇ. ಉಬ್ಬಸ ಇರುವವರು ಈ ಮಾತನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿರುವ "20 ಲಕ್ಷ ಸ್ಕೋವಿಲ್" (ಸ್ಕೋವಿಲ್ ಎಂದರೆ ಖಾರವನ್ನು ಅಳೆಯುವ ಮಾನ) ಮೊದಲಾದ ಅಂಕಿಗಳಿಗೆ ಮರುಳಾಗಬೇಡಿ. ಬಹುಪಾಲು ಅದು ಬೆರೆಸುವ ಮುನ್ನ ರಾಳಕ್ಕಿದ್ದ ಖಾರ. ಅದನ್ನು ಎಷ್ಟು ದ್ರಾವಕದಲ್ಲಿ ತೆಳುವಾಗಿಸಿದ್ದಾರೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಕೇಳಬೇಕಾದದ್ದು ಡಬ್ಬಿಯೊಳಗಿನ ಮಿಶ್ರಣದಲ್ಲಿ ಕ್ಯಾಪ್ಸೈಸಿನಾಯ್ಡುಗಳು, ಅಂದರೆ ಕ್ಯಾಪ್ಸೈಸಿನ್ ಮತ್ತು ಅದರ ಜಾತಿಯ ಖಾರದ ಅಂಶಗಳು, ಶೇಕಡಾ ಎಷ್ಟು ಎಂದು. ಅಮೆರಿಕದ ಸೇಬರ್ ಕಂಪನಿ ತನ್ನ ಸ್ಪ್ರೇಗಳಿಗೆ ಶೇ. 1.33 ಎಂದು ನಮೂದಿಸುತ್ತದೆ. ನಾನು ಕೊಂಡ ಮೂರರಲ್ಲಿ ಒಂದರ ಮೇಲೆ ಮಾತ್ರ ಇಂಥ ಅಂಕಿ ಇತ್ತು.

ಇಷ್ಟೆಲ್ಲ ಆದ ಮೇಲೂ ನಿಜವಾದ ಪರೀಕ್ಷೆ ಬೇರೆಯೇ ಆಗಿತ್ತು. ಕೋಣೆಯ ದೀಪ ಆರಿಸಿ, ಹೆಗಲಿಗೆ ಬ್ಯಾಗ್ ಹಾಕಿಕೊಂಡು, ಯಜಮಾನರು "ಈಗ" ಎಂದಾಗ ಡಬ್ಬಿ ತೆಗೆದು ಗುರಿ ಹಿಡಿಯಲು ಎಷ್ಟು ಹೊತ್ತು ಬೇಕು ಎಂದು ಎಣಿಸಿದೆವು. ಬ್ಯಾಗಿನ ಜಿಪ್ ಖಾನೆಯಲ್ಲಿದ್ದಾಗ ಒಂಬತ್ತು ಸೆಕೆಂಡ್. ಮನೆಯ ಬೀಗದಕೈ, ಪೆನ್ನು, ಟಿಫಿನ್ ಡಬ್ಬಿಯ ಚಮಚ ಎಲ್ಲ ಕೈಗೆ ಬಂದವು, ಸ್ಪ್ರೇ ಕೊನೆಗೆ ಬಂತು. ಬ್ಯಾಗಿನ ಪಟ್ಟಿಗೆ ಕೊಂಡಿಯಿಂದ ಸಿಕ್ಕಿಸಿದಾಗ ಎರಡು ಸೆಕೆಂಡ್. ಆಮೇಲೆ ಬೀಗದ ಸರದಿ. ಮಂಜಿನ ಡಬ್ಬಿಗೆ ಸೆಂಟಿನ ಬಾಟಲಿಗಿರುವಂಥ ಮುಚ್ಚಳವಿತ್ತು, ಅದನ್ನು ಕಳಚಲು ಇನ್ನೊಂದು ಕೈ ಬೇಕೇ ಬೇಕು. ಜೆಲ್ ಡಬ್ಬಿಯದು ತಿರುಗಿಸುವ ಬೀಗ. ಹೊಸದರಲ್ಲಿ ಅದು ಎಷ್ಟು ಬಿಗಿಯಾಗಿತ್ತೆಂದರೆ ಉಗುರು ಮುರಿಯಿತು. ಧಾರೆಯ ಡಬ್ಬಿಯಲ್ಲಿ ಗುಂಡಿಯ ಮೇಲೆ ಒಂದು ಸಣ್ಣ ರೆಪ್ಪೆಯಂಥ ಹೊದಿಕೆಯಿದೆ, ಹೆಬ್ಬೆರಳು ಅದರಡಿಗೆ ಜಾರಿದರೆ ಗುಂಡಿ ತಾನಾಗಿ ಸಿಗುತ್ತದೆ, ಹೆಬ್ಬೆರಳು ಯಾವ ದಿಕ್ಕಿನಿಂದ ಒಳಹೋಯಿತೋ ಅದರ ಎದುರು ದಿಕ್ಕಿಗೇ ಧಾರೆ ಹೋಗುತ್ತದೆ. ಕತ್ತಲೆಯಲ್ಲಿ ಕಣ್ಣಿನ ಸಹಾಯವಿಲ್ಲದೆ ಡಬ್ಬಿಯ ಬಾಯಿ ಯಾವ ಕಡೆಗಿದೆ ಎಂದು ತಿಳಿಸಿದ್ದು ಇದೊಂದೇ. ಮುನ್ನೂರ ಎಂಬತ್ತು ರೂಪಾಯಿಯ ಈ ಡಬ್ಬಿಯನ್ನು ನಾನು ಉಳಿಸಿಕೊಂಡೆ, ಉಳಿದೆರಡನ್ನು ಅಭ್ಯಾಸಕ್ಕೆ ಇಟ್ಟೆ.

ಕೊಳ್ಳುವಾಗ ನನಗಾದ ಒಂದು ಕಹಿಯನ್ನೂ ಬರೆಯಬೇಕು. ಆನ್‌ಲೈನಿನಲ್ಲಿ ತರಿಸಿದ ಮೊದಲ ಡಬ್ಬಿಯ ತಳದಲ್ಲಿದ್ದ ತಯಾರಿಕೆಯ ತಾರೀಖಿನ ಮೇಲೆ ಬೆಲೆಚೀಟಿ ಅಂಟಿಸಿದ್ದರು. ಬಿಸಿನೀರು ಹಾಕಿ ಕಿತ್ತು ನೋಡಿದರೆ ಅವಧಿ ಮುಗಿಯಲು ಐದೇ ತಿಂಗಳಿತ್ತು. ಮಾರಿದವರಿಗೆ ಮೂರು ಸಲ ಬರೆದ ಮೇಲೆ ಹಣ ಮರಳಿತು. ಖಾರ ಬೇಗ ಕೆಡದಿದ್ದರೂ ಒಳಗಿನ ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ, ಒತ್ತಡವಿಲ್ಲದ ಡಬ್ಬಿ ಮುಖದ ಬದಲು ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತದೆ. ಸಾಧ್ಯವಾದರೆ ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು, ತಾರೀಖು ಓದಿ, ಅಲ್ಲಾಡಿಸಿ ನೋಡಿ ಕೊಳ್ಳಿ. ಕೊಂಡ ಮೇಲೆ ಸ್ಕೂಟರಿನ ಡಿಕ್ಕಿಯಲ್ಲೋ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೋ ಬಿಡಬೇಡಿ. 50 ಡಿಗ್ರಿ ದಾಟಬಾರದು ಎಂಬ ಎಚ್ಚರಿಕೆ ಇಂಥ ಡಬ್ಬಿಗಳ ಮೇಲೆಯೇ ಇರುತ್ತದೆ, ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಡಿಕ್ಕಿ ಅದನ್ನು ಸುಲಭವಾಗಿ ದಾಟುತ್ತದೆ.

ಅಲಾರಮ್ಮಿನ ಕಥೆ ಬೇರೆ. ಬೆರಳುದ್ದದ ಈ ವಸ್ತುವಿನ ಪಿನ್ ಎಳೆದರೆ ಕಿವಿ ಸೀಳುವಂತೆ ಕೂಗುತ್ತದೆ, ಪಿನ್ ಮತ್ತೆ ಸಿಕ್ಕಿಸುವವರೆಗೆ ನಿಲ್ಲುವುದಿಲ್ಲ. ಕೊಂಡ ಎರಡನೆಯ ವಾರ ಸಂಜೆಯ ತುಂಬಿದ ಬಸ್ಸಿನಲ್ಲಿ ಅದರ ದಾರ ಪಕ್ಕದವರ ಬ್ಯಾಗಿಗೆ ಸಿಕ್ಕಿ, ಅವರು ಇಳಿಯುವಾಗ ಪಿನ್ ಕಿತ್ತು ಸೀಟಿನ ಕೆಳಗೆ ಬಿತ್ತು. ಕಂಡಕ್ಟರ್ "ಯಾರಮ್ಮ ಅದು, ಮೊದ್ಲು ನಿಲ್ಸಿ" ಎಂದು ಕೂಗುತ್ತಿದ್ದಾರೆ, ನಾನು ನೆಲದ ಮೇಲೆ ಕುಳಿತು ಜನರ ಕಾಲುಗಳ ನಡುವೆ ಪಿನ್ ತಡಕುತ್ತಿದ್ದೇನೆ. ಅವಮಾನ ಹಾಗಿರಲಿ, ಜನರಿರುವ ಕಡೆ ಇದಕ್ಕಿಂತ ಪರಿಣಾಮಕಾರಿಯಾದ ಸಾಧನವಿಲ್ಲ ಎಂದು ಅಂದೇ ತಿಳಿಯಿತು: ಬಸ್ಸಿನ ಒಂದು ತಲೆಯೂ ತಿರುಗದೆ ಉಳಿಯಲಿಲ್ಲ. ಬಸ್ಸಿನಲ್ಲಿ ಮೈಗೆ ಕೈ ತಾಗಿಸುವವನ ಮುಖಕ್ಕೆ ಖಾರ ಹೊಡೆಯಲಾಗದು, ಆದರೆ ಈ ಕೂಗಿನ ಎದುರು ಅವನು ನಿಲ್ಲಲಾರ. ಇದನ್ನೇ ಕಾರ್ಖಾನೆಯ ಗೋಡೆಯ ಬಳಿ ಯಜಮಾನರ ಜೊತೆ ಹೋಗಿ ಪರೀಕ್ಷಿಸಿದೆ. ನಾಯಿಗಳು ಬೊಗಳಿದವು, ಒಂದು ನಿಮಿಷದ ನಂತರ ವಾಚ್‌ಮನ್ ಗೇಟಿನಿಂದ ಇಣುಕಿ ಒಳಗೆ ಹೋದರು. ಐನೂರು ರೂಪಾಯಿಗೆ ಅಲಾರಂ ಒಳ್ಳೆಯ ವಸ್ತುವೇ, ಕೇಳುವವರು ಇದ್ದಲ್ಲಿ. ದಾರವನ್ನು ಗಿಡ್ಡ ಮಾಡಿ ಬ್ಯಾಗಿನ ಒಳಮಗ್ಗುಲಿಗೆ ಕಟ್ಟಿಕೊಳ್ಳಿ, ಬ್ಯಾಟರಿಯನ್ನು ಆಗಾಗ ನೋಡುತ್ತಿರಿ.

ಸೀಟಿಗೆ ಬ್ಯಾಟರಿಯೂ ಇಲ್ಲ, ಅವಧಿಯೂ ಇಲ್ಲ. ಒಳಗೆ ಗೋಲಿಯಿಲ್ಲದ ಬಗೆಯದನ್ನು ಕೊಳ್ಳಿ, ಒದ್ದೆಯಾದರೂ ಊದಬಹುದು. ಬೆಳಗಿನ ವಾಕಿಂಗ್‌ಗೆ ಹೋಗುವ ಹಿರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಕರೆಂಟು ಹೊಡೆಸುವ ಟಾರ್ಚುಗಳನ್ನು ನಾನು ಕೊಳ್ಳಲಿಲ್ಲ. ಅದು ಕೆಲಸ ಮಾಡಬೇಕಾದರೆ ಎದುರಿನವನ ಮೈಗೆ ಒತ್ತಿ ಹಿಡಿಯಬೇಕು, ಅಷ್ಟು ಹತ್ತಿರ ಬರದಿರಲಿ ಎಂದೇ ಅಲ್ಲವೆ ಈ ಹುಡುಕಾಟ.

ಸರಗಳ್ಳತನಕ್ಕೆ ಇವುಗಳಲ್ಲಿ ಯಾವುದೂ ಉಪಯೋಗವಿಲ್ಲ ಎಂದೂ ಸ್ಪಷ್ಟವಾಗಿ ಹೇಳಬೇಕು. ಹಿಂದಿನಿಂದ ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಒಂದು ಕ್ಷಣದ ಕೆಲಸ, ಮೇಲಾಗಿ ಹೆಲ್ಮೆಟ್ಟಿನ ಗಾಜಿನ ಮೇಲೆ ಖಾರ ಹೊಡೆದು ಏನು ಪ್ರಯೋಜನ?

ಕಾನೂನಿನ ವಿಚಾರದಲ್ಲಿ, ಪೆಪ್ಪರ್ ಸ್ಪ್ರೇ ನಮ್ಮಲ್ಲಿ ಪರವಾನಗಿಯಿಲ್ಲದೆ ಮಾರಾಟವಾಗುತ್ತದೆ, ಆದರೆ ಅದನ್ನು ಆಟದ ಸಾಮಾನೆಂದು ತಿಳಿಯಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೆಯ ಸೆಕ್ಷನ್ ಮಿತಿಯನ್ನೂ ಹಾಕುತ್ತದೆ. ಅದೇ ವರ್ಷ ಬೆಂಗಳೂರಿನ ಪ್ರಕರಣವೊಂದರಲ್ಲಿ, ಜಗಳದ ನಡುವೆ ಸೆಕ್ಯುರಿಟಿ ಗಾರ್ಡ್ ಒಬ್ಬರ ಮೇಲೆ ಸ್ಪ್ರೇ ಹೊಡೆದವರ ವಿರುದ್ಧದ ಮೊಕದ್ದಮೆಯನ್ನು ರದ್ದುಪಡಿಸಲು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಪ್ರಾಣಕ್ಕೆ ತಕ್ಷಣದ ಅಪಾಯವೇನೂ ಮೇಲ್ನೋಟಕ್ಕೆ ಕಾಣುವುದಿಲ್ಲ ಎಂದ ನ್ಯಾಯಾಲಯ, ಅಮೆರಿಕದ ತೀರ್ಪೊಂದನ್ನು ಉಲ್ಲೇಖಿಸಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದು ಕಂಡಿತು. ಪಾರ್ಕಿಂಗ್ ಜಗಳಕ್ಕೆ ಇದನ್ನು ತೆಗೆಯುವವರು ಈ ಪ್ರಕರಣವನ್ನು ನೆನಪಿಡಲಿ. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ಇದನ್ನು ಬಿಡುವುದಿಲ್ಲ. ಓದಲು ಬ್ರಿಟನ್ನಿಗೆ ಹೊರಟ ಮಕ್ಕಳ ಸೂಟ್‌ಕೇಸಿಗೆ ಉಪ್ಪಿನಕಾಯಿಯ ಜೊತೆ ಇದನ್ನೂ ತುರುಕುವ ತಾಯಂದಿರಿಗೆ ಒಂದು ಮಾತು: ಅಲ್ಲಿ ಇದನ್ನು ಇಟ್ಟುಕೊಳ್ಳುವುದೇ ಅಪರಾಧ, 1968ರ ಬಂದೂಕು ಕಾಯ್ದೆಯಡಿ ಇದು ನಿಷೇಧಿತ ಆಯುಧ.

ನಮ್ಮ ಮೇಲೆಯೇ ಬಿದ್ದರೆ ಉಜ್ಜಬಾರದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದು ತೆಗೆಯಬೇಕು, ಕಣ್ಣಿಗೆ ತಣ್ಣೀರು ಸುರಿಯುತ್ತಲೇ ಇರಬೇಕು, ಚರ್ಮಕ್ಕೆ ಸೋಪು ಹಾಕಬೇಕು, ಏಕೆಂದರೆ ಎಣ್ಣೆಯ ರಾಳ ಬರೀ ನೀರಿಗೆ ಬಿಡುವುದಿಲ್ಲ.

ಮಗಳಿಗೂ ಅದೇ ಧಾರೆಯ ಡಬ್ಬಿ ಕೊಡಿಸಿ, ನನ್ನಂತೆಯೇ ಬ್ಯಾಗಿನ ಬಲಪಟ್ಟಿಗೆ ಸಿಕ್ಕಿಸಿಕೊಟ್ಟೆ. ಅವಳು ಒಮ್ಮೆ ಅಭ್ಯಾಸ ಮಾಡಿ ನೋಡಿ, "ಅಮ್ಮಾ, ಬಲಗೈಯಲ್ಲಿ ಯಾವಾಗ್ಲೂ ಮೊಬೈಲ್ ಇರುತ್ತಲ್ಲ" ಎಂದಳು. ನಿಜ. 112ಕ್ಕೆ ಫೋನ್ ಮಾಡಬೇಕಾದ ಕೈಯೂ ಅದೇ. ಇಬ್ಬರೂ ಡಬ್ಬಿಯನ್ನು ಎಡಪಟ್ಟಿಗೆ ಬದಲಾಯಿಸಿಕೊಂಡು, ಎಡಗೈ ಹೆಬ್ಬೆರಳಿಗೆ ಆ ರೆಪ್ಪೆಯನ್ನು ಎತ್ತುವ ರೂಢಿ ಮಾಡಿಸುತ್ತಿದ್ದೇವೆ. ನನ್ನ ಡಬ್ಬಿಯ ಅವಧಿ ಮುಂದಿನ ನವೆಂಬರಿಗೆ ಮುಗಿಯುತ್ತದೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರಿನ ತಾರೀಖಿನ ಪಕ್ಕದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ. ಹೊಸದು ಬಂದ ಮೇಲೆ ಹಳೆಯದನ್ನು ತಾರಸಿಯ ಮೇಲೆ ಬೆಡ್‌ಶೀಟಿಗೆ ಗುರಿಯಿಟ್ಟು ಖಾಲಿ ಮಾಡಬೇಕು, ಈ ಸಲ ಕೆಳಮನೆಯವರಿಗೆ ಮೊದಲೇ ತಿಳಿಸಿ.